ದಿಂಬಿನ ನುಸಿ, ಫೈಲಿನ ಧೂಳು

ಕಾಸರಗೋಡಿನಲ್ಲಿ ಒಬ್ಬ ಸೀನಿದರೆ ರೋಗ ಹೇಳುವವರು ಹತ್ತು ಮಂದಿ. ಬದನೆ ಬಿಡು ಎಂದರು ಭಾವ. ಯೆಟ್ಟಿ, ಅಂದರೆ ಸಿಗಡಿ, ನಂಜು ಎಂದರು ಪಕ್ಕದ ಮನೆಯವರು. ನಾನು ಯೆಟ್ಟಿ ತಿನ್ನುವವನೇ ಅಲ್ಲ ಎಂದರೆ, "ಪರಿಮಳ ಸಾಕು ಮಾರಾಯ್ರೆ" ಎಂಬ ಉತ್ತರ ತಯಾರಿತ್ತು. ನನ್ನ ಲೆಕ್ಕ ಬೇರೆ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ಹೆದ್ದಾರಿಯನ್ನು ಅಗಲ ಮಾಡುತ್ತಾ ವರ್ಷಗಟ್ಟಲೆ ಎಬ್ಬಿಸಿದ ಧೂಳು ಬೇರೆಲ್ಲೂ ಹೋಗಿಲ್ಲ, ನನ್ನ ಮೂಗಿನಲ್ಲೇ ಉಂಟು. ಸರಕಾರಕ್ಕೊಂದು ಅರ್ಜಿಯನ್ನೂ ಮನಸ್ಸಿನಲ್ಲೇ ಬರೆದಿಟ್ಟಿದ್ದೆ.

ತಜ್ಞರನ್ನು ಕಾಣಬೇಕೆಂದರೆ ನಮಗೆ ಮಂಗಳೂರೇ. ರೇಷನ್ ಕಾರ್ಡು ಕೇರಳದ್ದು, ಕೆಮ್ಮು ಕರ್ನಾಟಕದ್ದು. ನಮ್ಮ ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಅಡಿಗಲ್ಲು ಹಾಕಿದರು. ಆ ವರ್ಷ ಒಂದನೇ ಕ್ಲಾಸಿಗೆ ಸೇರಿದ ಮಕ್ಕಳಿಗೆ ಈಗ ಡಾಕ್ಟರಿಕೆ ಓದುವ ಪ್ರಾಯ.

ಮೊದಲ ಸಲ ಹೋದದ್ದು ದಂಡ.

"ಬೆಳಿಗ್ಗೆ ಎಂತಾದ್ರೂ ಮಾತ್ರೆ ತಕ್ಕೊಂಡಿದ್ದೀರಾ?"

"ಸೆಟಿರಿಜಿನ್, ಡಾಕ್ಟ್ರೇ. ನಿಮ್ಮೆದುರು ಸೀನಬಾರದಲ್ಲ."

ಅವರು ಪೆನ್ನು ಕೆಳಗಿಟ್ಟರು. ಆ ಮಾತ್ರೆ ಮೈಯಲ್ಲಿದ್ದರೆ ಚುಚ್ಚಿದಲ್ಲಿ ಚರ್ಮ ಉಬ್ಬುವುದಿಲ್ಲ, ಅಲರ್ಜಿ ಪರೀಕ್ಷೆ ಸುಳ್ಳಾಗುತ್ತದೆ, ವಾರ ಬಿಟ್ಟು ಬನ್ನಿ ಎಂದರು. ಡಾಕ್ಟರಿಗೆ ಮರ್ಯಾದೆ ಕೊಡಲು ಹೋಗಿ ರೋಗವನ್ನೇ ಅಡಗಿಸಿದ್ದೆ.

ಎರಡನೇ ಸಲ, ವಾರವಿಡೀ ಸೀನಿದ ಮೂಗಿನೊಂದಿಗೆ ಹೋದೆ. ಮುಂಗೈ ಮೇಲೆ ಸಾಲಾಗಿ ಹನಿ ಬಿಟ್ಟು ಒಂದೊಂದರ ಮೇಲೂ ಸಣ್ಣಗೆ ಚುಚ್ಚಿದರು: ಜಿರಳೆ, ಬೂಷ್ಟು, ಬೆಕ್ಕು, ಹುಲ್ಲಿನ ಪರಾಗ, ಹೀಗೆ ಇನ್ನೂ ಕೆಲವು. ಹೋಲಿಕೆಗೆಂದು ಉಬ್ಬಲೇಬೇಕಾದ ಹಿಸ್ಟಮಿನ್ ಒಂದು, ಉಬ್ಬಬಾರದ ಉಪ್ಪುನೀರು ಇನ್ನೊಂದು. ಹದಿನೈದು ನಿಮಿಷ ಕಳೆದಾಗ, ಹಿಸ್ಟಮಿನ್ ಬಿಟ್ಟರೆ, ಒಂದು ಚುಚ್ಚು ಮಾತ್ರ ಮಂಗಳೂರು ಬಜ್ಜಿಯ ಹಾಗೆ ಎದ್ದು ನಿಂತಿತ್ತು.

"ಧೂಳಿನ ನುಸಿ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ."

"ಹೆದ್ದಾರಿದ್ದಾ?"

"ನಿಮ್ಮ ಹಾಸಿಗೆದ್ದು. ರಸ್ತೆಯ ಧೂಳು ಮೂಗನ್ನು ಕೆರಳಿಸ್ತದೆ, ಆದರೆ ಈ ಅಲರ್ಜಿ ದಿಂಬಿನಿಂದ."

ನನ್ನ ಅರ್ಜಿ ಅಲ್ಲಿಗೇ ಸತ್ತಿತು. ತೆಂಗಿನ ನುಸಿಯನ್ನು ನೋಡಲು ನಮ್ಮೂರಲ್ಲೇ 1916ರಲ್ಲಿ ಶುರುವಾದ ಸಂಶೋಧನಾ ಕೇಂದ್ರ ಉಂಟು. ದಿಂಬಿನ ನುಸಿಯನ್ನು ಕೇಳಲು ಮಾತ್ರ ರಾಜ್ಯ ದಾಟಬೇಕು. ತೆಂಗಿನಮರವಾಗಿ ಹುಟ್ಟಿದ್ದರೆ ಬಸ್ ಚಾರ್ಜಾದರೂ ಉಳಿಯುತ್ತಿತ್ತು.

ಡಾಕ್ಟರು ವಿವರಿಸಿದರು: ಏನೂ ಮಾಡದ ವಸ್ತುವನ್ನು ಶರೀರ ವೈರಿ ಎಂದು ತಿಳಿದು ಸೈನ್ಯ ಹೊರಡಿಸುತ್ತದೆ, ಅದೇ ಅಲರ್ಜಿ. ನನಗೆ ಹೊಸ ವಿಷಯವಾಗಿ ಕಾಣಲಿಲ್ಲ. 2020ರ ಮಾರ್ಚಿನಲ್ಲಿ ಕೊರೋನಾಕ್ಕೆ ಹೆದರಿ ಕರ್ನಾಟಕ ನಮ್ಮ ಕಡೆಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಗಡಿಯ ಈಚೆ ನಿಂತು ನೋಡಿದವರು ನಾವು. ಆ್ಯಂಬುಲೆನ್ಸಿನಲ್ಲಿದ್ದವರೂ ವಾಪಸು ಬರಬೇಕಾಯಿತು, ಎಲ್ಲರೂ ಉಳಿಯಲಿಲ್ಲ. ಅದರಲ್ಲಿ ನಗುವಂಥದ್ದೇನಿಲ್ಲ.

ಮತ್ತೆ ಪಥ್ಯ. ಹೊದಿಕೆ, ದಿಂಬಿನ ಕವರುಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಬೇಕು. ಹಾಸಿಗೆಗೆ ನುಸಿ ದಾಟದ ಕವರು. ಮೂಗಿಗೆ ದಿನಾ ಸ್ಪ್ರೇ; ತುದಿಯನ್ನು ನಡುವಿನ ಗೋಡೆಗಲ್ಲ, ಕಿವಿಯ ಕಡೆಗೆ ತಿರುಗಿಸಬೇಕು. ಒಂದೇ ದಿನಕ್ಕೆ ಗುಣವಾಗದು, ಬಿಡಬಾರದು. ಮನೆಯೊಳಗೆ ಪಸೆ ಇರಬಾರದು ಎಂದದ್ದಕ್ಕೆ ಮಾತ್ರ ನಾನು ನಕ್ಕೆ. ಜೂನ್‌ನಿಂದ ನಮ್ಮಲ್ಲಿ ಒಗೆದ ಚಡ್ಡಿಯೇ ನಾಲ್ಕು ದಿನ ಒಣಗುವುದಿಲ್ಲ.

ಬದನೆ? ತಿನ್ನಿ ಎಂದರು. ಭಾವನಿಗೆ ಇನ್ನೂ ಹೇಳಿಲ್ಲ, ಬೇಜಾರು ಮಾಡಿಕೊಂಡಾರು.

ಮರುವಾರ ಒಂದು ಕಚೇರಿಗೆ ಹೋಗುವುದಿತ್ತು. ಕನ್ನಡದಲ್ಲಿ ಬರೆದ ಅರ್ಜಿ ನೋಡಿದ್ದೇ ಗುಮಾಸ್ತರ ಮುಖ ಕೆಂಪಾಯಿತು, ಹಣೆ ಗಂಟಾಯಿತು. ಲಕ್ಷಣ ಎಲ್ಲ ಸರಿ ಇತ್ತು. ಮಲಯಾಳದಲ್ಲಿ ಬರೆದು ತನ್ನಿ ಎಂದರು. ಭಾಷಾ ಅಲ್ಪಸಂಖ್ಯಾತರ ಹಕ್ಕು ಎಂದು ನಾನು ಶುರುಮಾಡುವಷ್ಟರಲ್ಲಿ, ಹಿಂದಿನ ವರ್ಷದ ನನ್ನ ಅರ್ಜಿ ಹುಡುಕಲು ಎದ್ದು, ಮೇಲಿನ ಅಟ್ಟೆಯಿಂದ ಕನ್ನಡದ ಕಟ್ಟನ್ನು ಎಳೆದರು. ಹಾಗೇ ಸೀನಲು ಸುರುಮಾಡಿದರು. ಆರು, ಏಳು, ಎಂಟು.

"ಧೂಳಪ್ಪ ಧೂಳು," ಎಂದರು, ಅಚ್ಚ ಕನ್ನಡದಲ್ಲಿ.