ಕೃತ್ತಿಕೆಯ ಗ್ರಾಫ್ ನನ್ನದು, ಬಟನ್ ಒತ್ತಿದ್ದೂ ನಾನೇ

ನಮ್ಮೂರಿನ ಖಗೋಳ ಸಾಫ್ಟ್‌ವೇರ್ ಸಮ್ಮೇಳನದಲ್ಲಿ ನಮ್ಮ ಸಂಘಟಕರು ನನ್ನನ್ನು ಮೈಕ್‌ನಲ್ಲೇ ಕರೆದರಲ್ಲ, ಅದನ್ನು ತಡೆದುಕೊಳ್ಳೋಕೆ ಆಗುತ್ತಿಲ್ಲ. ಹತ್ತಿರ ಬಂದು ಕಿವಿಯಲ್ಲಿ ಹೇಳಿದ್ದರೆ ಸುಮ್ನೆ ಎದ್ದು ಹೋಗಿ ಮಾಡಿಕೊಡುತ್ತಿದ್ದೆ. ಇಷ್ಟು ವರ್ಷ ಮಾಡಿಕೊಂಡು ಬಂದಿಲ್ವಾ? ಯಾರ ಪ್ರಿಂಟರ್ ಕೆಟ್ಟರೂ ನಾನೇ, ಯಾರು ಪಾಸ್‌ವರ್ಡ್ ಮರೆತರೂ ನಾನೇ. ಆದರೆ ನಾನು ಮಾತಾಡೋಕೆ ಅಂತ ವೇದಿಕೆ ಮೇಲೆ ನಿಂತಿದ್ದೇನೆ. ನನ್ನ ಮೊದಲ ಸ್ಲೈಡ್ ಪರದೆ ಮೇಲಿದೆ. ಎದುರಿಗೆ ಹುಡುಗರು ಪೆನ್ನು ಹಿಡಿದು ಕೂತಿದ್ದಾರೆ. ಆಗ, "ಏ ತಮ್ಮಾ, ನೀನು ಕಂಪ್ಯೂಟರ್ ಕಡೆಯವನಲ್ವಾ? ಸರ್ ಅವರ ಪಿಪಿಟಿ ಓಪನ್ ಆಗ್ತಿಲ್ಲ, ಮೊದಲು ಇದನ್ನ ನೋಡು" ಅಂದರು. ಇಡೀ ಹಾಲ್‌ಗೆ ಕೇಳುವ ಹಾಗೆ. ಸರ್ ಅಂದರೆ ಭಾಷಣಕ್ಕೆ ಬಂದ ಅತಿಥಿಗಳು.

ಇಳಿದೆ. ಪೆನ್‌ಡ್ರೈವ್ ಹಾಕಿದೆ. ಫೈಲ್ ತೆರೆದುಕೊಂಡಿತು. ನಾನು ಮತ್ತೆ ಮೇಲೆ ಹೋಗಬೇಕು ಅನ್ನುವಷ್ಟರಲ್ಲಿ, "ಸರ್ ಮಧ್ಯಾಹ್ನ ವಂದೇ ಭಾರತ್ ಹಿಡಿಯಬೇಕು, ಅವರದು ಮುಗಿದುಬಿಡಲಿ, ನಿನ್ನದು ಆಮೇಲೆ ನೋಡೋಣ. ನೀನು ಅಲ್ಲೇ ಕೂತು ಸ್ಲೈಡ್ ಮುಂದೆ ಹಾಕ್ತಿರು" ಅಂದರು. ಆ "ಆಮೇಲೆ" ಬರಲೇ ಇಲ್ಲ ಅಂತ ಹೇಳಬೇಕಾ?

ದಾವಣಗೆರೆಯಲ್ಲಿ ಇಂಥದ್ದೊಂದು ಸಮ್ಮೇಳನ ಆಗಬೇಕು ಅಂತ ಬೆನ್ನು ಹತ್ತಿದವನು ನಾನು. ಖಗೋಳದ ದತ್ತಾಂಶವನ್ನು ಓದುವ, ತೊಳೆಯುವ, ಲೆಕ್ಕ ಹಾಕುವ ಸಾಫ್ಟ್‌ವೇರ್ ಬಗ್ಗೆಯೇ ಎರಡು ದಿನ. ದೂರದರ್ಶಕದ ಫೋಟೋ ತೋರಿಸಿ ಚಪ್ಪಾಳೆ ಹೊಡೆಸುವುದು ಬೇಡ, ಹುಡುಗರು ತಾವೇ ಕೂತು ಕೋಡ್ ಓಡಿಸಲಿ ಅಂತ. ಜಗಳೂರು, ಹೊನ್ನಾಳಿ, ಹರಪನಹಳ್ಳಿ, ಹಿರಿಯೂರು ಕಡೆಯಿಂದ ಬರುವ ಹುಡುಗರಿಗೆ ಇದು ಬೆಂಗಳೂರಿಗೆ ಹೋದರೆ ಮಾತ್ರ ಸಿಗುವ ವಿದ್ಯೆ ಅಂತ ಅನ್ನಿಸಬಾರದು. ಚಳ್ಳಕೆರೆ ಹತ್ತಿರವೇ ಇಸ್ರೋದ ರೆಕ್ಕೆಯ ಬಾಹ್ಯಾಕಾಶ ವಾಹನ ಪುಷ್ಪಕ್ 2023ರಲ್ಲಿ, ಮತ್ತೆ 2024ರಲ್ಲಿ ಬಂದು ರನ್‌ವೇ ಮೇಲೆ ಇಳಿಯಿತು. ಅಷ್ಟು ದೊಡ್ಡದು ಪಕ್ಕದ ತಾಲೂಕಿನಲ್ಲಿ ಆಗುತ್ತದೆ, ನಮ್ಮ ಮಕ್ಕಳಿಗೆ ದೂರದರ್ಶಕದ ಚಿತ್ರ, ದತ್ತಾಂಶ ಇಡುವ ಒಂದು ಫಿಟ್ಸ್ ಫೈಲ್ ತೆರೆಯೋಕೆ ಕಲಿಸುವವರಿಲ್ಲ.

ಏನೇನು ಮಾಡಿದೆ ಅಂತ ಹೇಳುತ್ತೇನೆ, ಯಾರಿಗೂ ಗೊತ್ತಿಲ್ಲ ಅಂತಾದ ಮೇಲೆ ನಾನೇ ಹೇಳಬೇಕು. ಹಾಲ್ ತುಂಬ ಲ್ಯಾಪ್‌ಟಾಪ್ ಇಟ್ಟುಕೊಂಡು ಎಲ್ಲರೂ ಒಟ್ಟಿಗೆ ಖಗೋಳದ ಲೆಕ್ಕಕ್ಕೆ ಬಳಸುವ ಆಸ್ಟ್ರೋಪೈ ಡೌನ್‌ಲೋಡ್ ಮಾಡಿದರೆ ನಮ್ಮ ವೈಫೈ ಅಲ್ಲೇ ಮಲಗುತ್ತದೆ. ಅದಕ್ಕೆ ಹಳೆಯ ಕಂಪ್ಯೂಟರ್ ಒಂದನ್ನು ಸರ್ವರ್ ಮಾಡಿದೆ. ಪೈಥಾನ್, ಆಸ್ಟ್ರೋಪೈ, ನಕ್ಷತ್ರಗಳ ಪಟ್ಟಿ ನೋಡುವ ಟಾಪ್‌ಕ್ಯಾಟ್, ಚಿತ್ರ ನೋಡುವ ಡಿಎಸ್9 ಎಲ್ಲವನ್ನೂ ಮೊದಲೇ ಇಳಿಸಿ ಅದರಲ್ಲಿ ಇಟ್ಟೆ. ವಿಂಡೋಸ್‌ನವರಿಗೆ ಬೇರೆ, ಉಬುಂಟು ಇರುವವರಿಗೆ ಬೇರೆ. ಇಂಟರ್‌ನೆಟ್ ಹೋದರೂ ಕೆಲಸ ನಿಲ್ಲಬಾರದು ಅಂತ ನಕ್ಷತ್ರಗಳನ್ನು ಅಳೆದ ಗಾಯಾ ಉಪಗ್ರಹದ ದತ್ತಾಂಶದಲ್ಲಿ ನಮಗೆ ಬೇಕಾದ ತುಣುಕನ್ನು ಮಾತ್ರ ಕತ್ತರಿಸಿ ತಂದು ಪೆನ್‌ಡ್ರೈವ್‌ಗಳಿಗೆ ತುಂಬಿದೆ. ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಣ ಕೇಳಿದರೆ ಬಜೆಟ್ ಇಲ್ಲ ಅಂದರು. ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟ ನೆನಪಿನ ಕಾಣಿಕೆಗೆ ಬಜೆಟ್ ಇತ್ತು. ಬೋರ್ಡ್‌ಗಳನ್ನು ಕೊನೆಗೆ ಗುರುತಿನ ಶಾಮಿಯಾನದವರಿಂದ ಕೈಕಾಲು ಹಿಡಿದು ತಂದೆ. ಗೇಟಿನ ಫ್ಲೆಕ್ಸ್‌ನಲ್ಲಿ ಅಷ್ಟೊಂದು ಮುಖಗಳಿದ್ದವು. ಬೋರ್ಡ್ ಹೊತ್ತವರದು ಒಂದೂ ಇರಲಿಲ್ಲ, ಇರಲಿ ಬಿಡಿ.

ಇರಲಿ ಬಿಡಿ ಅಂದೆ. ಆದರೆ ಗ್ರಾಫ್ ವಿಷಯ ಬಿಡೋಕೆ ಆಗಲ್ಲ.

ಕೃತ್ತಿಕೆಯನ್ನು ಆರಿಸಿಕೊಂಡದ್ದು ಯಾಕೆ ಅಂದರೆ ಎಲ್ಲರಿಗೂ ಗೊತ್ತಿರುವ ನಕ್ಷತ್ರಪುಂಜ ಅದು. ಪಂಚಾಂಗದಲ್ಲಿದೆ, ಮಳೆಯ ಹೆಸರಲ್ಲೂ ಇದೆ. ಜೊತೆಗೆ ಅದರ ಹಿಂದೆ ಒಂದು ದೊಡ್ಡ ತಕರಾರಿನ ಕಥೆ ಇದೆ. ಹಿಪ್ಪಾರ್ಕೋಸ್ ಉಪಗ್ರಹದ ಪಟ್ಟಿ 1997ರಲ್ಲಿ ಬಂದಾಗ ಕೃತ್ತಿಕೆ ಸುಮಾರು 120 ಪಾರ್ಸೆಕ್ ದೂರ ಅಂತ ಆಯಿತು (ಒಂದು ಪಾರ್ಸೆಕ್ ಅಂದರೆ ಬೆಳಕು ಸುಮಾರು 3.26 ವರ್ಷದಲ್ಲಿ ಹೋಗುವ ದೂರ). ಬೇರೆ ದಾರಿಯಲ್ಲಿ ಅಳೆದವರು ಅದನ್ನು ಒಪ್ಪಲಿಲ್ಲ, ಇನ್ನೂ ದೂರ ಇದೆ ಅಂದರು. ವರ್ಷಗಟ್ಟಲೆ ವಾದ ನಡೆಯಿತು. ಆಮೇಲೆ 2013ರಲ್ಲಿ ಹಾರಿದ ಗಾಯಾ ಉಪಗ್ರಹ ಅಳೆದಾಗ ಸುಮಾರು 135 ಪಾರ್ಸೆಕ್ ಅಂತ ಬಂತು. ಅಂದರೆ ಬೆಳಕು ಅಲ್ಲಿಂದ ಇಲ್ಲಿಗೆ ಬರಲು 440 ವರ್ಷದ ಹತ್ತಿರ ಬೇಕು. ಲೆಕ್ಕ ಕಷ್ಟದ್ದಲ್ಲ. ಭೂಮಿ ಸೂರ್ಯನ ಸುತ್ತ ಹೋಗುವಾಗ ನಕ್ಷತ್ರ ಎಷ್ಟು ಜರುಗಿದಂತೆ ಕಾಣುತ್ತದೆ ಅನ್ನುವುದನ್ನು ಗಾಯಾ ದತ್ತಾಂಶ ಮಿಲಿ ಆರ್ಕ್‌ಸೆಕೆಂಡ್‌ ಅನ್ನುವ ಕೋನದ ಸಣ್ಣ ಅಳತೆಯಲ್ಲಿ ಕೊಡುತ್ತದೆ. ಸಾವಿರವನ್ನು ಆ ಸಂಖ್ಯೆಯಿಂದ ಭಾಗಿಸಿದರೆ ದೂರ ಪಾರ್ಸೆಕ್‌ನಲ್ಲಿ ಸಿಗುತ್ತದೆ. ಕೃತ್ತಿಕೆಗೆ ಆ ಸಂಖ್ಯೆ 7.4ರ ಆಸುಪಾಸು.

ಆದರೆ ಅದಕ್ಕೆ ಮೊದಲು ಯಾವ ಚುಕ್ಕೆ ಕೃತ್ತಿಕೆಯದು, ಯಾವುದು ಸುಮ್ನೆ ಅದೇ ದಿಕ್ಕಿನಲ್ಲಿ ಹಿಂದೆ ಮುಂದೆ ನಿಂತದ್ದು ಅಂತ ಬೇರ್ಪಡಿಸಬೇಕು. ಕೃತ್ತಿಕೆಯ ನಕ್ಷತ್ರಗಳೆಲ್ಲ ಒಂದೇ ಕಡೆಗೆ, ಒಂದೇ ವೇಗದಲ್ಲಿ ಸರಿಯುತ್ತವೆ. ಚಲನೆಯ ಗ್ರಾಫ್ ಹಾಕಿದರೆ ಒಂದು ಮೂಲೆಯಲ್ಲಿ ಗುಂಪಾಗಿ ಕಾಣುತ್ತವೆ. ಮೊದಲ ದಿನ ಜಗಳೂರು ಕಡೆಯ ಒಬ್ಬ ಹುಡುಗಿ ಅದನ್ನು ಹಾಕಿಕೊಂಡು, "ಸರ್, ಇಲ್ಲೊಂದು ಗಡ್ಡೆ ಕಟ್ಟಿದೆ ನೋಡ್ರಿ, ಇವೇ ಅಲ್ವಾ?" ಅಂತ ಕೂಗಿದಳು. ದೊಡ್ಡವರು ವರ್ಷಗಟ್ಟಲೆ ವಾದ ಮಾಡಿದ ದೂರವನ್ನು ಆ ಹುಡುಗಿ ಊಟದ ಗಂಟೆ ಹೊಡೆಯುವ ಮೊದಲು ತೆಗೆದಿಟ್ಟಳು. ಈ ಸಮ್ಮೇಳನದಲ್ಲಿ ನಡೆದ ಒಳ್ಳೆಯ ವಿಷಯ ಅಂದರೆ ಅದು. ವರದಿಯಲ್ಲಿ ಅದು ಇರುವುದಿಲ್ಲ, ಬರೆದಿಟ್ಟುಕೊಳ್ಳಿ.

ಆಮೇಲೆ ಬಣ್ಣ ಮತ್ತು ಹೊಳಪಿನ ಗ್ರಾಫ್. ಅಡ್ಡಕ್ಕೆ ನಕ್ಷತ್ರದ ಬಣ್ಣ, ಉದ್ದಕ್ಕೆ ಅದರ ನಿಜವಾದ ಹೊಳಪು. ಎಡಕ್ಕೆ ಮೇಲೆ ಬಿಸಿಯಾದ ನೀಲಿ ನಕ್ಷತ್ರಗಳು, ಬಲಕ್ಕೆ ಕೆಳಗೆ ತಣ್ಣನೆಯ ಕೆಂಪು ನಕ್ಷತ್ರಗಳು, ನಡುವೆ ಓರೆಯಾಗಿ ಇಳಿಯುವ ಒಂದು ಪಟ್ಟಿ. ಆ ಚಿತ್ರ ಚೆನ್ನಾಗಿ ಬರಲಿ ಅಂತ ಎಷ್ಟು ರಾತ್ರಿ ಕೂತೆನೋ. ಅಕ್ಷಗಳ ಹೆಸರನ್ನು ಕನ್ನಡದಲ್ಲಿ ಹಾಕಿದೆ. ಗ್ರಾಫ್‌ನಲ್ಲಿ ಕನ್ನಡದ ಒತ್ತಕ್ಷರ ಒಡೆದು ಹೋಗುತ್ತದೆ, ಅದನ್ನು ಸರಿ ಮಾಡುವುದೇ ಒಂದು ಕೆಲಸ. ಕೆಳಗೆ ಬಲ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ದತ್ತಾಂಶ ಗಾಯಾದ್ದು ಅಂತ, ಕೋಡ್ ನನ್ನದು ಅಂತ ಬರೆದಿದ್ದೆ. ಎಲ್ಲ ಭಾಷಣಕಾರರಿಗೂ ಉಪಯೋಗ ಆಗಲಿ ಅಂತ ಡ್ರೈವ್‌ನಲ್ಲಿ ಹಾಕಿದವನೂ ನಾನೇ.

ಈಗ ಆ ಕುರ್ಚಿಗೆ ಬರುತ್ತೇನೆ. ಪ್ಲಾಸ್ಟಿಕ್ ಕುರ್ಚಿ, ವೇದಿಕೆಯ ಕೆಳಗೆ, ಲ್ಯಾಪ್‌ಟಾಪ್ ಪಕ್ಕ. ಅತಿಥಿಗಳು ನನ್ನ ಕಡೆ ನೋಡದೆ "ನೆಕ್ಸ್ಟ್" ಅನ್ನುತ್ತಾರೆ, ನಾನು ಒತ್ತುತ್ತೇನೆ. "ಹಿಂದೆ, ಹಿಂದೆ" ಅನ್ನುತ್ತಾರೆ, ಒತ್ತುತ್ತೇನೆ. ಒಂದು ಸಲ ಒತ್ತಿದ್ದು ತಡವಾಯಿತು ಅಂತ ಬೆರಳು ಚಿಟಿಕೆ ಹೊಡೆದರು. ಹೌದು, ಚಿಟಿಕೆ. ನನಗೆ ತಲೆಗೂದಲು ಬೆಳ್ಳಗಾಗಿದೆ. ಮುಂದಿನ ಸಾಲಿನವರು ನಕ್ಕರು. ಮತ್ತೆ ಒತ್ತಿದೆ. ನನ್ನ ಕೃತ್ತಿಕೆ ಬಂತು.

ಅದೇ ಚಿತ್ರ. ಅದೇ ನೀಲಿ, ಅದೇ ಕೆಂಪು. ಕೆಳಗಿನ ಭಾಗ ಕತ್ತರಿಸಿದ್ದಾರೆ. ನನ್ನ ಹೆಸರು ಹೋಗಿದೆ, ಗಾಯಾ ಹೆಸರು ಹೋಗಿದೆ. ಅದರ ಜೊತೆಗೆ ಅಡ್ಡ ಅಕ್ಷದ ಹೆಸರೂ ಹೋಗಿದೆ. ಅಕ್ಷದ ಹೆಸರೇ ಇಲ್ಲದ ಮೇಲೆ ಅದು ಏನು ಅಂತ ಹೇಗೆ ಗೊತ್ತಾಗಬೇಕು? ಅವರು ಲೇಸರ್ ಬೆಳಕು ಓಡಿಸುತ್ತಾ, "ಇದು ಆಕಾಶದಲ್ಲಿ ಕೃತ್ತಿಕೆ ಕಾಣುವ ರೀತಿ, ನೋಡಿ ಹೇಗೆ ಓರೆಯಾಗಿ ಹರಡಿಕೊಂಡಿದೆ" ಅಂದರು. ಆಕಾಶದ ನಕ್ಷೆಯಂತೆ! ಕೃತ್ತಿಕೆ ಓರೆ ಪಟ್ಟಿಯ ಹಾಗೆ ಕಾಣುತ್ತದಾ? ರಾತ್ರಿ ಹೊರಗೆ ಬಂದು ತಲೆ ಎತ್ತಿದ ಯಾರಿಗಾದರೂ ಗೊತ್ತು. ಜಗಳೂರಿನ ಆ ಹುಡುಗಿ ಮೂರನೇ ಸಾಲಿನಲ್ಲಿದ್ದಳು. ತಿರುಗಿ ನನ್ನನ್ನು ನೋಡಿದಳು. ಸರ್ ನೀವು ಹೇಳಿದ್ದು ಹಾಗಲ್ಲವಲ್ಲ ಅನ್ನುವ ಹಾಗೆ. ನಾನು ಏನು ಮಾಡಲಿ? ಕೈಯಲ್ಲಿ ಮೈಕ್ ಇಲ್ಲ. ಎದ್ದು ನಿಂತರೆ, "ಏನಾಯ್ತು ತಮ್ಮಾ, ಕರೆಂಟ್ ಹೋಯ್ತಾ?" ಅಂತ ಕೇಳುತ್ತಿದ್ದರು. ಅಷ್ಟರಲ್ಲಿ "ನೆಕ್ಸ್ಟ್" ಅಂದರು. ಒತ್ತಿದೆ.

ಅತಿಥಿಗಳ ಮೇಲೆ ನನಗೆ ಕೋಪ ಇಲ್ಲ. ಇಲ್ಲ, ಇದೆ. ತುಂಬ ಇದೆ. ಬೇರೆಯವರ ಚಿತ್ರ ತೆಗೆದುಕೊಂಡರೆ ಯಾರದು ಅಂತ ಹಾಕಬೇಕು ಅಂತ ಡಿಗ್ರಿ ಹುಡುಗರಿಗೂ ಗೊತ್ತಿರುತ್ತದೆ. ಆದರೆ ಅದಕ್ಕಿಂತ ಜಾಸ್ತಿ ಕೋಪ ನಮ್ಮವರ ಮೇಲೆ. ಇವನು ಮಾಡಿದ್ದು ಅಂತ ಗೊತ್ತಿದ್ದೂ ಮುಂದಿನ ಸಾಲಿನಲ್ಲಿ ಕೂತು ತಲೆ ಆಡಿಸಿದವರ ಮೇಲೆ.

ಸಾಫ್ಟ್‌ವೇರ್ ಬರೆಯುವವರು ವಿಜ್ಞಾನದ ಒಳಗಿನವರು ಅಂತ ಜಗತ್ತು ಒಪ್ಪಿ ಎಷ್ಟೋ ಕಾಲವಾಯಿತು. ಖಗೋಳ ದತ್ತಾಂಶದ ಸಾಫ್ಟ್‌ವೇರ್‌ಗೆ ಅಂತಲೇ ಆಡಾಸ್ ಅನ್ನುವ ಸಮ್ಮೇಳನ 1991ರಲ್ಲಿ ಅಮೆರಿಕದ ಟೂಸಾನ್‌ನಲ್ಲಿ ಶುರುವಾಗಿ ಪ್ರತಿ ವರ್ಷ ನಡೆಯುತ್ತಿದೆ. ಅಲ್ಲಿ ಕೋಡ್ ಬರೆದವರೇ ವೇದಿಕೆ ಮೇಲೆ ನಿಂತು ಮಾತಾಡುತ್ತಾರೆ. ಬರೆದ ಪ್ರೋಗ್ರಾಂಗಳನ್ನು ದಾಖಲಿಸಿ, ಪ್ರತಿಯೊಂದಕ್ಕೂ ನಂಬರ್ ಕೊಟ್ಟು, ಪ್ರಬಂಧದಲ್ಲಿ ಹೆಸರಿಸೋಕೆ ಅನುಕೂಲ ಮಾಡಿಕೊಡುವ ಭಂಡಾರ 1999ರಿಂದ ಇದೆ. ಗಾಯಾ ದತ್ತಾಂಶ ಬಿಟ್ಟಿಯಾಗಿ ಸಿಗುತ್ತದೆ, ಬಳಸಿದರೆ ನಮ್ಮ ಹೆಸರು ಹೇಳಿ ಅಂತ ಮಾತ್ರ ಕೇಳುತ್ತಾರೆ. ಅದನ್ನೂ ಕತ್ತರಿಸಿದರಲ್ಲ.

ಬೇರೆ ಎಲ್ಲ ಬಿಡಿ, ಫಿಟ್ಸ್ ಫೈಲನ್ನೇ ನೋಡಿ. 1981ರಲ್ಲಿ ಪ್ರಕಟವಾದ ನಮೂನೆ, ಇವತ್ತಿಗೂ ಜಗತ್ತಿನ ಬಹುತೇಕ ದೂರದರ್ಶಕಗಳು ಅದರಲ್ಲೇ ಬರೆಯುತ್ತವೆ. ಫೈಲಿನ ತಲೆಯಲ್ಲಿ ಎಂಬತ್ತು ಅಕ್ಷರದ ಸಾಲುಗಳು ಇರುತ್ತವೆ. ಯಾವ ದೂರದರ್ಶಕ, ಯಾವತ್ತು, ನೋಡಿದವರು ಯಾರು, ಎಲ್ಲಕ್ಕೂ ಜಾಗ ಇದೆ. ಹಿಸ್ಟರಿ ಅಂತಲೇ ಒಂದು ಸಾಲಿದೆ. ಆ ಚಿತ್ರದ ಮೇಲೆ ಯಾವ ಪ್ರೋಗ್ರಾಂ ಏನು ಮಾಡಿತು, ಏನು ಕಳೆಯಿತು, ಏನು ಸರಿಪಡಿಸಿತು ಅಂತ ಒಂದೊಂದೇ ಅಲ್ಲಿ ಬರೆಯುತ್ತಾ ಹೋಗಬೇಕು, ನಾಳೆ ಬೇರೆಯವರು ತೆರೆದಾಗ ಈ ಸಂಖ್ಯೆ ಎಲ್ಲಿಂದ ಬಂತು ಅಂತ ಗೊತ್ತಾಗಲಿ ಅಂತ. ಯಾವ ಕೈ ಏನು ಮಾಡಿತು ಅಂತ ಗೊತ್ತಿಲ್ಲದ ದತ್ತಾಂಶವನ್ನು ಯಾರೂ ನಂಬುವುದಿಲ್ಲ. ಮೊದಲ ದಿನ ಹುಡುಗರಿಗೆ ಇದನ್ನೇ ಅರ್ಧ ಗಂಟೆ ಹೇಳಿದ್ದೆ. ಮರುದಿನ ಅವರ ಕಣ್ಣೆದುರಿಗೇ ಹೀಗೆ.

ಸಂಜೆ ಎಲ್ಲರನ್ನೂ ಕುಂದವಾಡ ಕೆರೆ ಕಡೆ ಕರಕೊಂಡು ಹೋಗಿ ಕೃತ್ತಿಕೆಯನ್ನು ಬರಿಗಣ್ಣಲ್ಲೇ ತೋರಿಸಬೇಕು ಅಂತ ಇತ್ತು. ಸನ್ಮಾನ ಮುಗಿಯಲಿಲ್ಲ. ಹುಡುಗರಿಗೆ ಬಸ್ ಹೊತ್ತಾಯಿತು, ಹೊರಟರು. ಮಿರ್ಚಿ ಮಂಡಕ್ಕಿ ತಟ್ಟೆಗಳು ಹಾಗೇ ಉಳಿದವು.

ಮನೆಗೆ ಬಂದು ಹೇಳಿದರೆ ಅಣ್ಣ, "ಬಿಡಪ್ಪಾ, ಸಂಬಳ ಬರ್ತದಲ್ಲ" ಅಂದ. ಅದೂ ನಿಜ. ಸಂಬಳ ಬರುತ್ತದೆ. ನಾಳೆಯೂ ಅದೇ ಲ್ಯಾಬಿನ ಬೀಗ ತೆಗೆಯಬೇಕು, ಅವರಿಗೇ ನಮಸ್ಕಾರ ಹೇಳಬೇಕು. ನನಗೆ ಶಾಲು ಬೇಡ. ವೇದಿಕೆಯೂ ಬೇಡ ಅಂತ ರಾತ್ರಿ ಅಂದುಕೊಂಡೆ. ಹುಡುಗರು ಕಲಿತರಲ್ಲ, ಸಾಕು ಅಂದುಕೊಂಡೆ. ಬೆಳಗ್ಗೆ ಎದ್ದರೆ ಮತ್ತೆ ಆ ಚಿಟಿಕೆ ಕೇಳಿಸಿತು. ಸಾಕಾಗಲ್ಲ. ಹೆಸರು ಬೇಕು. ಕೆಲಸ ಮಾಡಿದವನು ಹೆಸರು ಕೇಳಿದರೆ ದುರಾಸೆಯಾ?

ಯಾರಾದರೂ ಉತ್ತರ ಹೇಳಿ. ಆ ಹಾಲ್‌ನಲ್ಲಿ ಇದ್ದವರಾದರೂ ಹೇಳಿ. ಆ ಗ್ರಾಫ್ ಆಕಾಶದ ನಕ್ಷೆ ಅಲ್ಲ ಅಂತ ಗೊತ್ತಿದ್ದವರು ನಾಲ್ಕೈದು ಜನ ಇದ್ದಿರಿ, ನಾನು ನಿಮ್ಮ ಮುಖ ನೋಡಿದ್ದೇನೆ. ಪ್ರಶ್ನೋತ್ತರದ ಹೊತ್ತಿನಲ್ಲಿ ಒಬ್ಬರಾದರೂ ಯಾಕೆ ಕೈ ಎತ್ತಲಿಲ್ಲ? ನನ್ನ ಹೆಸರು ಬಿಡಿ, ಆ ಮಕ್ಕಳು ತಪ್ಪು ಕಲಿತು ಹೋದರೆ ಅದು ಯಾರ ತಲೆಗೆ? ಹುಡುಗರ ಗುಂಪಿಗೆ ಆ ಚಿತ್ರವನ್ನು ಪೂರ್ತಿಯಾಗಿ, ಅಕ್ಷಗಳ ಸಮೇತ ಮತ್ತೆ ಕಳಿಸಿದ್ದೇನೆ. ಇದು ಬಣ್ಣ ಮತ್ತು ಹೊಳಪಿನ ಗ್ರಾಫ್, ನಕ್ಷೆ ಅಲ್ಲ ಅಂತ ಕೆಳಗೆ ಬರೆದಿದ್ದೇನೆ. ಅದಕ್ಕೂ ಆಫೀಸಿನಿಂದ ಫೋನ್ ಬಂತು, ಅತಿಥಿಗಳಿಗೆ ಬೇಜಾರಾಗುತ್ತದೆ, ಅಳಿಸು ಅಂತ. ಅಳಿಸಿಲ್ಲ.

ಈಗ ಇನ್ನೊಂದು ಬಂದಿದೆ. ಸಮ್ಮೇಳನದ ಪುಸ್ತಕ ತರುತ್ತಾರಂತೆ. ಕೋಡ್, ದತ್ತಾಂಶ, ಗ್ರಾಫ್ ಎಲ್ಲ ಸೋಮವಾರದ ಒಳಗೆ ಒಂದೇ ಫೋಲ್ಡರ್‌ನಲ್ಲಿ ಹಾಕಿ ಕಳಿಸಬೇಕಂತೆ. ಲೇಖಕರ ಪಟ್ಟಿಯನ್ನೂ ಜೊತೆಗೇ ಹಾಕಿದ್ದಾರೆ, ನಾನು ಮೂರು ಸಲ ಓದಿದೆ, ಅದರಲ್ಲಿ ನಾನಿಲ್ಲ. ಕೊನೆಯಲ್ಲಿ "ತಾಂತ್ರಿಕ ನೆರವು: ಸಿಬ್ಬಂದಿ ವರ್ಗ" ಅಂತ ಇದೆ. ಪಟ್ಟಿ ತಿದ್ದಿ ಕಳಿಸುವವರೆಗೂ ಫೋಲ್ಡರ್ ಹೋಗುವುದಿಲ್ಲ ಅಂತ ಬರೆದು ಕಳಿಸಿದ್ದೇನೆ. ನೋಡಿದ್ದಾರೆ, ಇನ್ನೂ ಉತ್ತರ ಇಲ್ಲ.