ಕೌಪೀನ ಸಂರಕ್ಷಣಾರ್ಥಂ ಒಂದು ಬುಲ್‌ಬಾರ್

ಕಾರಿನ ಡಿಕ್ಕಿಯೊಳಗೆ ಇಡುವ ಫ್ರಿಜ್ ಅಂತ ಒಂದು ಇರುತ್ತದೆ ಎಂದು ಮದ್ದೂರಿನಲ್ಲಿ ಇರುವ ತನಕ ನನಗೆ ಗೊತ್ತಿರಲಿಲ್ಲ. ಅಡಿಲೇಡಿಗೆ ಬಂದ ಮೇಲೂ ಗೊತ್ತಾಗದೇ ಇದ್ದಿದ್ದರೆ ನಮ್ಮ ಮನೆ ಸಾಲ ಸ್ವಲ್ಪ ಬೇಗ ತೀರುತ್ತಿತ್ತು.

ನಮ್ಮನೆಯವರ ಹತ್ತಿರ ಒಂದು ಸೆಕೆಂಡ್ ಹ್ಯಾಂಡ್ ಪ್ರಾಡೊ ಇತ್ತು. ಡೀಸೆಲ್ ಗಾಡಿ, ಫೋರ್ ವೀಲ್ ಡ್ರೈವ್. ಮಗಳನ್ನು ಸ್ಕೂಲಿಗೆ ಬಿಡೋಕೆ, ಇಂಡಿಯನ್ ಅಂಗಡಿಯಿಂದ ಅಕ್ಕಿ ಮೂಟೆ ತರೋಕೆ ಅದು ಧಾರಾಳವಾಗಿ ಸಾಕಿತ್ತು. ಅಷ್ಟರಲ್ಲಿ ಆಫೀಸಿನಲ್ಲಿ ಯಾರೋ ಇವರ ತಲೆಗೆ ಊಡ್ನಡಟ್ಟಾ ಟ್ರ್ಯಾಕ್ ತುಂಬಿದರು. ಸೌತ್ ಆಸ್ಟ್ರೇಲಿಯಾದ ಉತ್ತರದಲ್ಲಿ ಮರ್ರೀ ಅಂತ ಪುಟ್ಟ ಊರು. ಅಲ್ಲಿಂದ ಮಾರ್ಲಾವರೆಗೆ ಸುಮಾರು 620 ಕಿಲೋಮೀಟರ್ ಮಣ್ಣಿನ ರಸ್ತೆ. ದಾರಿಯಲ್ಲಿ ಕಾಟಿ ತಂಡಾ-ಲೇಕ್ ಐರ್ ಎಂಬ ಉಪ್ಪಿನ ಕೆರೆ, ಸಮುದ್ರ ಮಟ್ಟಕ್ಕಿಂತ 15 ಮೀಟರ್ ಕೆಳಗೆ. ಪಾಳು ಬಿದ್ದ ರೈಲ್ವೆ ನಿಲ್ದಾಣಗಳು, ನೆಲದಿಂದ ಗುಳುಗುಳು ಅಂತ ಉಕ್ಕುವ ಬುಗ್ಗೆಗಳು. ಕೇಳೋಕೇನೋ ಚೆನ್ನಾಗಿತ್ತು.

"ಅಲ್ಲಿ ಮಜ್ಜಿಗೆ ಕೆಡದ ಹಾಗೆ ಇಡಬೇಕಲ್ವಾ?" ಅಂದರು. ಫ್ರಿಜ್ ಬಂತು.

ಫ್ರಿಜ್ ರಾತ್ರಿಯೆಲ್ಲಾ ಓಡಿದರೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲ್ಲ. ಹಾಗಾಗಿ ಎರಡನೇ ಬ್ಯಾಟರಿ. ಅದನ್ನು ಸರಿಯಾಗಿ ತುಂಬಿಸೋಕೆ ಬೇರೆ ಚಾರ್ಜರ್. ಗಾಡಿ ನಿಂತಲ್ಲೇ ಎರಡು ದಿನ ನಿಂತರೆ? ಅದಕ್ಕೆ ಸೋಲಾರ್ ಪ್ಯಾನೆಲ್. ಪ್ಯಾನೆಲ್ ಕೂರಿಸೋಕೆ ಮೇಲೊಂದು ರೂಫ್ ರ‍್ಯಾಕ್. ರ‍್ಯಾಕ್ ಹೇಗೂ ಇದೆಯಲ್ಲ ಅಂತ ಪಕ್ಕಕ್ಕೆ ಬಿಚ್ಚುವ ನೆರಳಿನ ಚಪ್ಪರ. ಡಿಕ್ಕಿಯ ಅರ್ಧ ಜಾಗ ಫ್ರಿಜ್ ತಿಂದದ್ದರಿಂದ ಸಾಮಾನು ಜೋಡಿಸೋಕೆ ಎಳೆಯುವ ಡ್ರಾಯರ್‌ಗಳು. ಆ ಡ್ರಾಯರ್‌ಗಳದ್ದೇ ಎಪ್ಪತ್ತು ಕೆಜಿ. ಇಷ್ಟೆಲ್ಲ ಆಗೋ ಹೊತ್ತಿಗೆ ಗಾಡಿಯ ಹಿಂಭಾಗ ಕುಸಿದು ಮೂತಿ ಆಕಾಶ ನೋಡುತ್ತಿತ್ತು. ಲೋಟ ಮಜ್ಜಿಗೆ ಮಾತ್ರ ನಾನಿನ್ನೂ ಮನೆಯ ಫ್ರಿಜ್‌ನಿಂದಲೇ ಕುಡಿಯುತ್ತಿದ್ದೆ.

ಹಿಂದೆ ಭಾರ ಆಯಿತಲ್ಲ, ಮುಂದಕ್ಕೂ ಸ್ವಲ್ಪ ಬೇಕು ಅನ್ನಿಸಿತೋ ಏನೋ. ಗಾಡಿಯ ಮೂತಿಗೆ ಅಡ್ಡ ಕಟ್ಟುವ ಗಟ್ಟಿ ಕಂಬಿ, ಸ್ಟೀಲ್ ಬುಲ್‌ಬಾರ್ ಬಂತು. ಇದನ್ನು ನಾನು ಆಡಿಕೊಳ್ಳುವುದಿಲ್ಲ. ಸಂಜೆ ಮಬ್ಬಿನಲ್ಲಿ ಕಾಂಗರೂ ರಸ್ತೆಗೆ ಹಾರಿದರೆ ರೇಡಿಯೇಟರ್ ಹೋಗುತ್ತದೆ. ಮುಂದಿನ ಮೆಕ್ಯಾನಿಕ್ ಇನ್ನೂರು ಕಿಲೋಮೀಟರ್ ದೂರ ಇರುತ್ತಾನೆ. ಆದರೆ ಬುಲ್‌ಬಾರಿನ ನಡುವೆ, ಹೂತುಹೋದ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ವಿಂಚಿಗೆ ಅಂತ ಒಂದು ಜಾಗ ಬಿಟ್ಟಿರುತ್ತಾರೆ. "ಖಾಲಿ ಬಿಟ್ಟರೆ ಚೆನ್ನಾಗಿ ಕಾಣಲ್ಲ ಕಣೆ" ಅಂದರು. ಚೆನ್ನಾಗಿ ಕಾಣಲಿ ಅಂತ ಇನ್ನೊಂದು ಮೂವತ್ತೈದು ಕೆಜಿ. ವಿಂಚಿನ ಹಗ್ಗವನ್ನು ಮರಕ್ಕೆ ಕಟ್ಟಿ ಗಾಡಿ ಎಳೆಸಬೇಕಂತೆ. ನಾವು ಹೋಗೋ ಕಡೆ ಮರ ಎಲ್ಲಿದೆ ಅಂತ ಕೇಳಿದೆ. ಮರ ಇಲ್ಲದ ಕಡೆ ಮರಳಲ್ಲಿ ಹೂಳುವ ಲಂಗರು ಸಿಗುತ್ತದೆ ಅನ್ನೋದು ನನ್ನ ಈ ಪ್ರಶ್ನೆಯಿಂದಲೇ ಅವರಿಗೆ ನೆನಪಾಯಿತು.

ಆಮೇಲೆ ಸ್ನಾರ್ಕೆಲ್. ಎಂಜಿನ್‌ಗೆ ಗಾಳಿ ಕೊಡಲು ಬಾನೆಟ್ ಪಕ್ಕದಿಂದ ಮಾಡಿನವರೆಗೆ ಏರುವ ಕಪ್ಪು ಕೊಳವೆ. ಹೊಳೆ ದಾಟುವಾಗ ಎಂಜಿನ್ ನೀರು ಕುಡಿಯಬಾರದು ಅಂತ. ಜನ ವಾಸಿಸುವ ಖಂಡಗಳಲ್ಲೆಲ್ಲ ಒಣಗಿದ್ದು ಆಸ್ಟ್ರೇಲಿಯಾ. ಅದರಲ್ಲೂ ಒಣಗಿದ ರಾಜ್ಯ ನಮ್ಮದು. "ಮೇಲಿನ ಗಾಳೀಲಿ ಧೂಳು ಕಮ್ಮಿ ಇರುತ್ತೆ" ಅಂತ ಸಮಜಾಯಿಷಿ ಬಂತು. ನಿಜವೇ ಅಂತೆ, ವಿಚಾರಿಸಿದೆ.

ಇದರ ಮಧ್ಯೆ ನಮ್ಮ ಅಪ್ಪ ಅಮ್ಮ ಊರಿಂದ ಬಂದರು. ಅಪ್ಪ ಜೀವನವಿಡೀ ಕಬ್ಬು ಬೆಳೆದವರು, ಟ್ರ್ಯಾಕ್ಟರ್ ಓಡಿಸಿದವರು. ಬಂದ ಮರುದಿನ ಗಾಡಿ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಅಳಿಯ ಒಂದೊಂದನ್ನೇ ತೋರಿಸಿ ಯಾವುದು ಯಾವುದಕ್ಕೋಸ್ಕರ ಬಂತು ಅಂತ ವಿವರಿಸಿದರು. ಅಪ್ಪ ಪೂರ್ತಿ ಕೇಳಿಸಿಕೊಂಡು, "ಕೌಪೀನ ಸಂರಕ್ಷಣಾರ್ಥಂ" ಅಂದು ಒಳಗೆ ಹೋಗಿ ಕಾಫಿ ಕೇಳಿದರು.

ಆ ಸನ್ಯಾಸಿ ಕಥೆ ನಿಮಗೆಲ್ಲ ಗೊತ್ತಿದೆ. ಕೌಪೀನ ಇಲಿ ಕಡಿಯದಿರಲಿ ಅಂತ ಬೆಕ್ಕು, ಬೆಕ್ಕಿಗೆ ಹಾಲು ಅಂತ ಹಸು, ಹಸುವಿಗೆ ಹುಲ್ಲು ಅಂತ ಹೊಲ, ಕೊನೆಗೆ ಮದುವೆ. ನಮ್ಮವರಿಗೆ ಮದುವೆ ಮೊದಲೇ ಆಗಿತ್ತು, ಅದೊಂದು ಉಳಿತಾಯ.

ಐದು ಜನ ಮಲಗಬೇಕಲ್ಲ, ಕ್ಯಾಂಪರ್ ಟ್ರೈಲರ್ ಒಂದನ್ನು ತಂದರು. ಮಡಚಿದರೆ ಪೆಟ್ಟಿಗೆ, ಬಿಚ್ಚಿದರೆ ಟೆಂಟು, ಹಿಂದೆ ಎಳೆಯುವ ಅಡುಗೆಮನೆ. ತುಂಬಿದ ಮೇಲೆ ಒಂದೂವರೆ ಟನ್. ಇಲ್ಲಿ 750 ಕೆಜಿ ಮೀರಿದ ಟ್ರೈಲರಿಗೆ ಅದರದ್ದೇ ಬ್ರೇಕ್ ಇರಲೇಬೇಕು. ಆ ಬ್ರೇಕು ಎಷ್ಟು ಹಿಡೀಬೇಕು ಅಂತ ತಿರುಗಿಸಲು ಡ್ಯಾಶ್‌ಬೋರ್ಡಿನಲ್ಲೊಂದು ಗುಂಡಿ. ಮಗಳು ಅದನ್ನು ರೇಡಿಯೋ ವಾಲ್ಯೂಮ್ ಅಂದುಕೊಂಡು ತಿರುಗಿಸಿದ ದಿನ ನಮ್ಮ ಬೀದಿಯ ಸಿಗ್ನಲ್ ಹತ್ತಿರ ಎಲ್ಲರೂ ಒಟ್ಟಿಗೆ ಮುಂದಕ್ಕೆ ನಮಸ್ಕಾರ ಮಾಡಿದೆವು.

ಹೊರಡುವ ಮೊದಲು ತೂಕ ಹಾಕಿಸೋಣ ಅಂದದ್ದು ಅವರೇ. ವೇಬ್ರಿಜ್‌ಗೆ ಹೋದೆವು. ಪ್ರಾಡೊಗೆ ಗರಿಷ್ಠ ತೂಕ 2,990 ಕೆಜಿ. ಗಾಡಿಯ ಸ್ವಂತ ತೂಕ, ಒಳಗಿನ ಜನ, ಸಾಮಾನು ಎಲ್ಲಾ ಅದರೊಳಗೇ ಬರಬೇಕು. ಇದನ್ನು ಜಿವಿಎಂ ಅನ್ನುತ್ತಾರೆ. ಟ್ರೈಲರ್ ಹಿಂದೆ ತಾನೇ ಇರೋದು, ಅದರ ಭಾರ ಅದಕ್ಕೆ ಅಂದುಕೊಂಡಿದ್ದೆ. ಹಾಗಲ್ಲ. ಟ್ರೈಲರಿನ ಮೂತಿ ಕೊಂಡಿಯ ಮೇಲೆ ಒತ್ತುವ ಭಾರವೂ ಗಾಡಿಯ ಲೆಕ್ಕಕ್ಕೇ ಸೇರುತ್ತದೆ. ಸಾಮಾನ್ಯವಾಗಿ ಟ್ರೈಲರ್ ತೂಕದ ಹತ್ತನೇ ಒಂದು ಭಾಗ. ನಮ್ಮದಕ್ಕೆ 150 ಕೆಜಿ. ಅದು ತೀರಾ ಕಮ್ಮಿ ಆದರೂ ಕಷ್ಟ, ಟ್ರೈಲರ್ ಹಾವಿನಂತೆ ಅತ್ತಿತ್ತ ಆಡಿ ಗಾಡಿಯನ್ನೇ ಎಳೆದು ಬೀಳಿಸುತ್ತದೆ.

ತೂಕ ಹಾಕುವಾತ ಚೀಟಿ ಕೊಟ್ಟ. ಮುಖದಲ್ಲಿ ನಗು ಇರಲಿಲ್ಲ, ಅನುಕಂಪ ಇತ್ತು. ಇನ್ನೂರು ಕೆಜಿ ಹತ್ತಿರ ಜಾಸ್ತಿ. ಹೀಗೇ ಹೋಗಿ ಏನಾದರೂ ಆದರೆ ಇನ್ಶೂರೆನ್ಸ್‌ನವರು ಕೈ ಎತ್ತಬಹುದು.

ಅಲ್ಲೇ, ವೇಬ್ರಿಜ್ ಪಕ್ಕದಲ್ಲೇ, ಕುಟುಂಬದ ಸಭೆ ಸೇರಿತು. ಯಜಮಾನರು ಫೋನಿನಲ್ಲಿ ಪಟ್ಟಿ ತೆಗೆದು ಏನೇನು ಇಳಿಸಬಹುದು ಅಂತ ಓದಿದರು. ಮೊದಲನೆಯದು ಅಮ್ಮನ ರಾಗಿ ಹಿಟ್ಟು, ಐದು ಕೆಜಿ. ಎರಡನೆಯದು ಮುದ್ದೆ ಕೋಲು. ಮೂರನೆಯದು ನನ್ನ ಕುಕ್ಕರ್.

ಅಮ್ಮ ಮಾತಾಡಲಿಲ್ಲ. ಅಪ್ಪ ಬುಲ್‌ಬಾರ್ ಒಳಗೆ ಬಗ್ಗಿ ನೋಡಿ, "ಅಳಿಯಂದ್ರೇ, ಈ ವಿಂಚು ಎಷ್ಟು ತೂಕ ಅಂದ್ರಿ?" ಅಂದರು.

"ಮೂವತ್ತೈದು, ಮಾವ."

"ಬೇಯಿಸಿದ್ರೆ ಬೇಯ್ತದಾ?"

ರಾಗಿ ಹಿಟ್ಟು ಉಳಿಯಿತು. ವಿಂಚೂ ಉಳಿಯಿತು. ಇಳಿದದ್ದು ಏನೂ ಇಲ್ಲ. ಬದಲಿಗೆ ಜಿವಿಎಂ ಅಪ್‌ಗ್ರೇಡ್ ಅಂತ ಒಂದು ಮಾಡಿಸಿದರು. ಗಟ್ಟಿ ಸ್ಪ್ರಿಂಗ್ ಹಾಕಿ, ಎಂಜಿನಿಯರ್ ಸರ್ಟಿಫಿಕೇಟ್ ಪಡೆದು, ಗಾಡಿ ಇನ್ನಷ್ಟು ಹೊರಬಹುದು ಅಂತ ಕಾನೂನು ಪ್ರಕಾರ ಬರೆಸಿಕೊಳ್ಳುವುದು. ಎಷ್ಟಾಯಿತು ಅಂತ ನಾನು ಕೇಳಲಿಲ್ಲ, ಬ್ಯಾಂಕಿನ ಆ್ಯಪ್ ಹೇಳಿತು. ಇದರಲ್ಲೂ ಒಂದು ಕೊಕ್ಕೆ ಇದೆ. ಗಾಡಿ ಮತ್ತು ಟ್ರೈಲರ್ ಸೇರಿ ಇಷ್ಟೇ ತೂಗಬೇಕು ಅಂತ ಇನ್ನೊಂದು ಮಿತಿ ಇದೆ. ಅದು ಅಪ್‌ಗ್ರೇಡ್ ಮಾಡಿಸಿದ ಮಾತ್ರಕ್ಕೆ ತಾನಾಗಿ ಏರುವುದಿಲ್ಲ. ಗಾಡಿಗೆ ತುಂಬಿದಷ್ಟೂ ಎಳೆಯುವ ತಾಕತ್ತಿನಲ್ಲಿ ಕಡಿತ. ಅಂಗಡಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿರೋದು ಎಳೆಯುವ ತೂಕ ಒಂದೇ. ಉಳಿದದ್ದನ್ನು ಸಣ್ಣ ಅಕ್ಷರ ಓದುವವರು ಓದಿಕೊಳ್ಳಬೇಕು.

ಗಟ್ಟಿ ಸ್ಪ್ರಿಂಗಿನ ಗಾಡಿಯನ್ನು ಖಾಲಿ ಓಡಿಸಿ ನೋಡಬೇಕು ನೀವು. ಸ್ಕೂಲ್ ಹತ್ತಿರದ ಹಂಪ್ ದಾಟುವಾಗ ಮಗಳ ಡಬ್ಬಿಯ ಚಿತ್ರಾನ್ನ ಉಲ್ಟಾ ಆಗುತ್ತದೆ. ಶಾಪಿಂಗ್ ಸೆಂಟರಿನ ನೆಲಮಾಳಿಗೆ ಪಾರ್ಕಿಂಗ್ ನಮಗೆ ಶಾಶ್ವತವಾಗಿ ಮುಚ್ಚಿತು, ಗಾಡಿ ಅಷ್ಟು ಎತ್ತರ. ನಲವತ್ತು ಡಿಗ್ರಿ ಬಿಸಿಲಲ್ಲಿ ಬಯಲಲ್ಲಿ ನಿಲ್ಲಿಸಿ, ಮರುಭೂಮಿ ಗೆಲ್ಲಲು ಸಜ್ಜಾದ ಗಾಡಿಯಿಂದ ಇಳಿದು, ಕೊತ್ತಂಬರಿ ಸೊಪ್ಪು ತಂದಿದ್ದೇನೆ.

ಅಂತೂ ಹೊರಟೆವು. ಪೋರ್ಟ್ ಅಗಸ್ಟಾ ದಾಟಿ, ಫ್ಲಿಂಡರ್ಸ್ ಬೆಟ್ಟಗಳ ಪಕ್ಕದಲ್ಲಿ ಹಾದು, ಟಾರು ಮುಗಿಯುವ ಕಡೆ ಗಾಡಿ ನಿಲ್ಲಿಸಿ ಎಲ್ಲಾ ಚಕ್ರಗಳ ಗಾಳಿ ಇಳಿಸಿದರು. ನಲವತ್ತರ ಹತ್ತಿರ ಇದ್ದ ಪ್ರೆಶರ್ ಮೂವತ್ತಕ್ಕಿಂತ ಕೆಳಗೆ. ಟೈರು ಅಗಲವಾಗಿ ಕೂತರೆ ಹಿಡಿತ ಜಾಸ್ತಿ, ಕಲ್ಲಿಗೆ ಹರಿಯೋದು ಕಮ್ಮಿ. ಅಪ್ಪನಿಗೆ ಇದು ಸರಿ ಅನ್ನಿಸಲಿಲ್ಲ. "ದುಡ್ಡು ಕೊಟ್ಟು ಕಂಪ್ರೆಸರ್ ತಂದವ್ರೆ, ಇಲ್ಲಿ ನೋಡುದ್ರೆ ಗಾಳಿ ಬಿಡ್ತಾವ್ರೆ" ಅಂತ ಅಮ್ಮನ ಕಿವಿಯಲ್ಲಿ ಅಂದರು. ಕಿವಿ ಮಂದ ಇರೋದರಿಂದ ಅಪ್ಪ ಕಿವಿಯಲ್ಲಿ ಅಂದರೂ ಎಲ್ಲರಿಗೂ ಕೇಳುತ್ತದೆ.

ಮಣ್ಣು ರಸ್ತೆಯ ನಿಜವಾದ ಶತ್ರು ಗುಂಡಿಯಲ್ಲ, ಕಾರುಗೇಶನ್. ರಸ್ತೆಗೆ ಅಡ್ಡಡ್ಡ ಸಾಲಾಗಿ ಏಳುವ ಸಣ್ಣ ಏರಿಗಳು. ಓಡಾಡುವ ಚಕ್ರಗಳೇ ಕುಪ್ಪಳಿಸಿ ಕುಪ್ಪಳಿಸಿ ಅವನ್ನು ಮಾಡಿರುತ್ತವೆ. ಒಂದು ಗಂಟೆ ಅದರ ಮೇಲೆ ಹೋದರೆ ಬಿಗಿ ಮಾಡಿದ್ದೆಲ್ಲ ಸಡಿಲ ಆಗುತ್ತದೆ. ಊಟಕ್ಕೆ ನಿಲ್ಲಿಸಿ ಟ್ರೈಲರಿನ ಅಡುಗೆ ಡ್ರಾಯರ್ ಎಳೆದೆ. ತಿರುಪು ಮುಚ್ಚಳದ ಡಬ್ಬಿಗಳೆಲ್ಲ ತಾವಾಗಿಯೇ ಬಿಚ್ಚಿಕೊಂಡಿದ್ದವು. ಸೋಡಾ ಕ್ಯಾನುಗಳು ಒಂದಕ್ಕೊಂದು ಉಜ್ಜಿ ಸೂಜಿ ತೂತಾಗಿ, ಒಳಗೆ ಒಂದು ಹನಿ ಇಲ್ಲದೆ, ಹೊರಗೆ ನೋಡೋಕೆ ಸೀಲ್ ಆಗೇ ಇದ್ದವು. ರವೆ ಎಲ್ಲಾ ಕಡೆ ಸಮನಾಗಿ ಹರಡಿತ್ತು. ಅದರ ಮೇಲೆ ಕೆಂಪಗೆ ಒಂದು ಪದರ. ಅದು ಅಮ್ಮನ ಸಾರಿನ ಪುಡಿಯೋ ಆಸ್ಟ್ರೇಲಿಯಾದ ಮಣ್ಣೋ ನನಗೆ ತಿಳಿಯಲಿಲ್ಲ. ಅಮ್ಮ ಚಿಟಿಕೆ ತೆಗೆದು ನಾಲಿಗೆ ಮೇಲಿಟ್ಟು ಕಣ್ಣು ಮುಚ್ಚಿದರು.

"ಎರಡೂ ಐತೆ" ಅಂದರು. "ಉಪ್ಪು ಮಾತ್ರ ಹಾಕ್ಬೇಕು."

ಡ್ರಾಯರಿಗೆ ಧೂಳು ನುಗ್ಗದ ಹಾಗೆ ಸುತ್ತ ರಬ್ಬರ್ ಪಟ್ಟಿ ಹಾಕಿಸಿದ್ದರು. ಅದಕ್ಕೂ ಬಿಲ್ ಇದೆ, ನಾನು ತೆಗೆದಿಟ್ಟಿದ್ದೇನೆ.

ಮರ್ರೀ ಮುಟ್ಟಿದೆವು. ಒಂದು ಕಾಲಕ್ಕೆ ಒಂಟೆಗಳ ಊರು ಇದು. ರೈಲು, ಲಾರಿ ಬರುವ ಮೊದಲು ಈ ಮರುಭೂಮಿಗೆ ಹಿಟ್ಟು, ಸಕ್ಕರೆ, ತಂತಿ, ಕಬ್ಬಿಣ ಎಲ್ಲವನ್ನೂ ಹೊತ್ತದ್ದು ಒಂಟೆಗಳು. ಅವುಗಳನ್ನು ನಡೆಸಿದವರನ್ನು ಇಲ್ಲಿನವರು ಒಟ್ಟಾಗಿ 'ಅಫ್ಘನ್ನರು' ಎಂದು ಕರೆದರು. ಎಷ್ಟೋ ಜನ ಬಂದದ್ದು ಬಲೂಚಿಸ್ತಾನ, ಪಂಜಾಬ್, ಸಿಂಧ್ ಕಡೆಯಿಂದ, ಅಂದರೆ ಆಗಿನ ಬ್ರಿಟಿಷ್ ಇಂಡಿಯಾದಿಂದ. ಅವರು ಕಟ್ಟಿಕೊಂಡಿದ್ದ ಪುಟ್ಟ ಮಸೀದಿಯ ನೆನಪಿಗೆ ಊರ ನಡುವೆ ಅಂಥದ್ದೇ ಒಂದನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. 1980ರಲ್ಲಿ ನಿಂತುಹೋದ ಹಳೇ ಘಾನ್ ರೈಲಿನ ಎಂಜಿನ್‌ಗಳು ಪಕ್ಕದಲ್ಲೇ ತುಕ್ಕು ಹಿಡಿಯುತ್ತಿವೆ. ಅಪ್ಪ ಆ ಫಲಕಗಳ ಮುಂದೆ ಬಹಳ ಹೊತ್ತು ನಿಂತರು. ನಾನು ಓದಿ ಹೇಳಿದೆ. ನಮ್ಮ ಕಡೆಯವರು ಇಷ್ಟು ದೂರ ನಡೆದುಕೊಂಡೇ ಓಡಾಡಿದರು ಅನ್ನೋದು ಅವರನ್ನು ಹಿಡಿದು ನಿಲ್ಲಿಸಿತ್ತು. ಆಮೇಲೆ ಗಾಡಿ ಕಡೆ ತಿರುಗಿ ಕೇಳಿದರು:

"ಒಂಟೆಗೆ ಸ್ನಾರ್ಕಲ್ಲು ಹಾಕಿದ್ರಾ?"

ಆ ರಾತ್ರಿ ಮಳೆ ಬಂತು. ನಮ್ಮೂರ ಲೆಕ್ಕದಲ್ಲಿ ಅದು ಮಳೆಯೇ ಅಲ್ಲ, ತುಂತುರು. ಬೆಳಿಗ್ಗೆ ನೋಡಿದರೆ ಊಡ್ನಡಟ್ಟಾ ಟ್ರ್ಯಾಕ್ ಮುಚ್ಚಿದೆ ಅಂತ ಬೋರ್ಡ್. ಇಲ್ಲಿನ ಮಣ್ಣು ಒದ್ದೆಯಾದರೆ ಸಾಬೂನು. ಅದರ ಮೇಲೆ ಗಾಡಿ ಹೋದರೆ ಆಳವಾಗಿ ಗೀರು ಬಿದ್ದು ತಿಂಗಳುಗಟ್ಟಲೆ ರಸ್ತೆ ಹಾಳು. ಹಾಗಾಗಿ ಮುಚ್ಚಿದ ರಸ್ತೆಗೆ ಇಳಿದರೆ ದಂಡ. ಫೋರ್ ವೀಲ್ ಇರಲಿ, ವಿಂಚ್ ಇರಲಿ, ಸ್ನಾರ್ಕೆಲ್ ಇರಲಿ, ಬೋರ್ಡಿಗೆ ಎಲ್ಲಾ ಒಂದೇ. ನಮ್ಮ ಪಕ್ಕದಲ್ಲಿ ಒಂದು ಮಾಮೂಲಿ ಸಣ್ಣ ಕಾರು ನಿಂತಿತ್ತು. ಅದರಲ್ಲಿ ಬಂದಿದ್ದ ಅಜ್ಜ ಅಜ್ಜಿ ಮಡಚುವ ಕುರ್ಚಿ ಹಾಕಿಕೊಂಡು ಟೀ ಕುಡಿಯುತ್ತಿದ್ದರು. ಅವರಿಗೂ ರಸ್ತೆ ಮುಚ್ಚಿತ್ತು, ನಮಗೂ ಮುಚ್ಚಿತ್ತು. ಅವರು ಪುಸ್ತಕ ತಂದಿದ್ದರು.

ರಸ್ತೆ ಯಾವಾಗ ತೆರೆಯುತ್ತದೋ ಅಂತ ಕ್ಯಾಂಪ್‌ನಲ್ಲೇ ಉಳಿದೆವು. ಕೆಸರು ಇಲ್ಲದ ಜಾಗಕ್ಕೆ ಟ್ರೈಲರನ್ನು ಹಿಂದಕ್ಕೆ ತಳ್ಳಿ ನಿಲ್ಲಿಸಬೇಕಿತ್ತು. ಎರಡು ಮರದ ನಡುವಿನ ಕಿಂಡಿ. ಇವರು ಸ್ಟೀರಿಂಗ್ ಬಲಕ್ಕೆ ತಿರುಗಿಸಿದರೆ ಟ್ರೈಲರ್ ಎಡಕ್ಕೆ ಹೋಗುತ್ತದೆ. ಸರಿಮಾಡೋಕೆ ಹೋದರೆ ಮಡಚಿಕೊಂಡು ಗಾಡಿಗೇ ಮೂತಿ ಒರಸುತ್ತದೆ. ನಾನು ಹಿಂದೆ ನಿಂತು ಕೈ ಸನ್ನೆ ಮಾಡುತ್ತಿದ್ದೆ. ಇಪ್ಪತ್ತು ವರ್ಷದ ದಾಂಪತ್ಯ ಪರೀಕ್ಷೆಗೆ ಒಳಗಾಗೋದು ಇಂಥ ಹೊತ್ತಲ್ಲೇ. ಕ್ಯಾಂಪಿನಲ್ಲಿದ್ದವರೆಲ್ಲ ಟೀ ಹಿಡಿದು ನಮ್ಮ ಕಡೆಗೇ ಕುರ್ಚಿ ತಿರುಗಿಸಿಕೊಂಡರು.

ಅಪ್ಪ ಪಂಚೆ ಮೇಲಕ್ಕೆ ಕಟ್ಟಿಕೊಂಡು ಬಂದರು. "ಇಳೀರಪ್ಪ ವಸಿ" ಅಂದರು. ಸೀಟಿಗೆ ಹತ್ತಿ, ಕತ್ತು ಹಿಂದಕ್ಕೆ ತಿರುಗಿಸಿ, ಸ್ಟೀರಿಂಗಿನ ತಳಭಾಗವನ್ನು ಒಂದೇ ಕೈಯಲ್ಲಿ ಹಿಡಿದರು. ತಳದಲ್ಲಿ ಹಿಡಿದರೆ ಕೈ ಯಾವ ಕಡೆ ಹೋಗುತ್ತದೋ ಟ್ರೈಲರೂ ಆ ಕಡೆಗೇ ಹೋಗುತ್ತದೆ. ಸಕ್ಕರೆ ಕಾರ್ಖಾನೆ ಅಂಗಳದಲ್ಲಿ ಕಬ್ಬಿನ ಲೋಡ್ ತಿರುಗಿಸಿ ತಿರುಗಿಸಿ ಕಲಿತದ್ದು. ಟ್ರೈಲರ್ ಒಂದೇ ಸಲಕ್ಕೆ ಮರಗಳ ನಡುವೆ ಹೋಗಿ ಕೂತಿತು. ಅಜ್ಜ ಅಜ್ಜಿ ಚಪ್ಪಾಳೆ ತಟ್ಟಿದರು. ಅಪ್ಪ ಎಂಜಿನ್ ಆಫ್ ಮಾಡಿ, ಕೀ ಅಳಿಯನ ಕೈಗೆ ಕೊಟ್ಟು, ಪಂಚೆ ಇಳಿಬಿಟ್ಟರು.

ರಾತ್ರಿ ಮುದ್ದೆ, ಎರಡೂ ಸೇರಿದ ಪುಡಿಯ ಸಾರು, ತಣ್ಣನೆ ಮಜ್ಜಿಗೆ. ಫ್ರಿಜ್ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಒಪ್ಪಿಕೊಂಡೆ. ಅಷ್ಟು ಸಾಕಾಯಿತು ನಮ್ಮನೆಯವರಿಗೆ.

"ರಿವರ್ಸ್ ಮಾಡೋಕೆ ಟ್ರೈಲರಿಗೆ ಒಂದು ಕ್ಯಾಮೆರಾ ಹಾಕಿಸಿದರೆ ಹೇಗೆ ಮಾವ?" ಅಂದರು. "ಒಂದು ಸ್ಕ್ರೀನು, ಸ್ವಲ್ಪ ವೈರು, ಅಷ್ಟೇ."

ಅಪ್ಪ ಮುದ್ದೆ ಮುರಿಯುತ್ತಾ ಕೇಳಿದರು, "ತೂಕ ಎಷ್ಟಾಯ್ತದೆ?"