ಕೆಲಸವಿಲ್ಲದ ನಾಯಿ, ಪುರುಸೊತ್ತಿಲ್ಲದ ಮಾಲೀಕ

“ನಾಯಿಗೆ ಕೆಲಸವಿಲ್ಲ, ನಿಲ್ಲೋಕೆ ಪುರುಸೊತ್ತಿಲ್ಲ” ಎಂಬ ಗಾದೆ ಕಟ್ಟಿದ ಪುಣ್ಯಾತ್ಮ ಬಾರ್ಡರ್ ಕೋಲಿ ಎಂಬ ತಳಿಯ ನಾಯಿಯನ್ನು ಕಂಡಿರಲಿಕ್ಕಿಲ್ಲ. ಕಂಡಿದ್ದರೆ ಗಾದೆಯನ್ನು ಇನ್ನಷ್ಟು ಉದ್ದ ಮಾಡುತ್ತಿದ್ದ: ನಾಯಿಗೆ ಕೆಲಸವಿಲ್ಲ, ಸೋಫಾಗೆ ಹೊಟ್ಟೆಯಿಲ್ಲ, ಬಾಗಿಲಿಗೆ ಚೌಕಟ್ಟಿಲ್ಲ, ಮನೆಯವರಿಗೆ ನಿದ್ದೆಯಿಲ್ಲ.

ನಾಯಿ ತರಲು ಹೊರಟವರ ಮೊದಲ ಪ್ರಶ್ನೆ ಒಂದೇ: ದೊಡ್ಡದೋ, ಚಿಕ್ಕದೋ? ಫ್ರಿಜ್ ಕೊಳ್ಳುವಾಗಲೂ ಇದೇ ಪ್ರಶ್ನೆ. ಆದರೆ ಫ್ರಿಜ್ಜಿಗಾದರೆ ಮನೆಯಲ್ಲಿ ಎಷ್ಟು ಜನ, ಎಲ್ಲಿಡುವುದು, ಬಾಗಿಲಲ್ಲಿ ತೂರುತ್ತದೆಯೇ ಎಂದು ಟೇಪು ಹಿಡಿದು ನೋಡುತ್ತಾರೆ. ನಾಯಿಗೆ ಅಷ್ಟೂ ಇಲ್ಲ. ದೊಡ್ಡದು ಬೇಕೆನ್ನುವವರ ಷರತ್ತುಗಳು ಹೀಗಿರುತ್ತವೆ: ನೋಡಿದರೆ ಕಳ್ಳ ಓಡಬೇಕು, ನೆಂಟ ಓಡಬಾರದು. ಕಳ್ಳ ಬಂದಾಗ ಬೊಗಳಬೇಕು, ಪಕ್ಕದ ಮನೆಯವರು ಮಲಗಿದಾಗ ಬೊಗಳಬಾರದು (ಕಳ್ಳ ಬರುವುದೂ ಅದೇ ಹೊತ್ತಿಗೆ ಎಂಬುದನ್ನು ನಾಯಿಯೇ ಹೇಗಾದರೂ ಸರಿದೂಗಿಸಿಕೊಳ್ಳಬೇಕು). ಮೈತುಂಬ ಕೂದಲಿರಬೇಕು, ಒಂದೆಳೆಯೂ ಉದುರಬಾರದು. ಚಿಕ್ಕದು ಬೇಕೆನ್ನುವವರದು ಒಂದೇ ಷರತ್ತು: ಯಾವತ್ತೂ ದೊಡ್ಡದಾಗಬಾರದು.

ತೂಕ ಕೇಳಿದರೆ ತೂಕವಷ್ಟೇ ತಿಳಿಯುತ್ತದೆ. 60 ಕೆಜಿಯ ಗ್ರೇಟ್ ಡೇನ್ ಬೆಳಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು ಹಾಕಿ ಉಳಿದ ಹೊತ್ತು ಹಾಸಿಗೆಯಂತೆ ಬಿದ್ದಿರಬಹುದು. 6 ಕೆಜಿಯ ಜ್ಯಾಕ್ ರಸೆಲ್ ಟೆರಿಯರ್ ಅದೇ ದಿನ ಹೂಕುಂಡ ಅಗೆದು, ಪರದೆ ಸೀಳಿ, ಸಂಜೆಗೆ “ಮುಂದೇನು?” ಎಂಬಂತೆ ಮುಖ ನೋಡುತ್ತದೆ. ಬಿಲದೊಳಗೆ ನುಗ್ಗಿ ನರಿಯನ್ನು ಹೊರಗಟ್ಟಲೆಂದೇ ಬೆಳೆಸಿದ ಪ್ರಾಣಿ ಅದು. ಬಿಲವಿಲ್ಲದಿದ್ದರೆ ತಾನೇ ತೋಡಿಕೊಳ್ಳುತ್ತದೆ. ನಾಯಿಯ ರಕ್ತದಲ್ಲಿರುವುದು ಕಸುಬು. ಅದನ್ನು ಕೇಳದೆ ಬಣ್ಣ ಕೇಳುವುದು, ಕಂಬಾರನನ್ನು ಅಂಗಿ ಚೆನ್ನಾಗಿದೆ ಎಂದು ಅಡುಗೆಗೆ ಕರೆದಂತೆ.

ಬಾರ್ಡರ್ ಕೋಲಿಯ ಕಸುಬು ಕುರಿ ಕಾಯುವುದು. ಕಾಯುವುದೆಂದರೆ ಸುಮ್ಮನೆ ಕೂರುವುದಲ್ಲ. ಬೇಟೆಗೆ ಹೊಂಚುವ ತೋಳನ ಪಾಠದಲ್ಲಿ ಕೊನೆಯ ಅಧ್ಯಾಯವನ್ನು ಹರಿದುಹಾಕಿ, ಮೊದಲ ಅಧ್ಯಾಯಗಳನ್ನು ಬಾಯಿಪಾಠ ಮಾಡಿಸಿದ ತಳಿ ಇದು. ತಲೆ ತಗ್ಗಿಸಿ, ಮುಂಗಾಲೊಂದನ್ನು ಎತ್ತಿ ಹಿಡಿದು, ಕಣ್ಣು ಮಿಟುಕಿಸದೆ ದಿಟ್ಟಿಸುತ್ತದೆ. ಆ ದಿಟ್ಟಿಗೇ ಕುರಿ ತಿರುಗುತ್ತದೆ. ಆಮೇಲೆ ಸುತ್ತಿ ಬಂದು ಮಂದೆಯನ್ನು ಒಂದುಗೂಡಿಸುತ್ತದೆ. ಇಂಥದ್ದನ್ನು ಎರಡು ಕೋಣೆಯ ಮನೆಗೆ ತಂದರೆ ಅದು ಕಸುಬು ಬಿಡುವುದಿಲ್ಲ, ಮಂದೆಯನ್ನು ಬದಲಿಸುತ್ತದೆ ಅಷ್ಟೆ. ಓಡುವ ಮಕ್ಕಳ ಹಿಮ್ಮಡಿಗೆ ಹಲ್ಲು ತಾಗಿಸಿ ಅವರನ್ನು ಮೂಲೆಗೆ ಕೂಡುತ್ತದೆ. ಸೈಕಲ್ಲು, ಪೊರಕೆ, ಯಾವುದು ಕದಲಿದರೂ ಕುರಿಯೇ. ಯಾವುದೂ ಕದಲದಿದ್ದರೆ ಗೋಡೆಯ ಮೇಲಿನ ಬೆಳಕಿನ ಚುಕ್ಕೆ, ಫ್ಯಾನಿನ ನೆರಳು. ಮನೆಯವರು ನಕ್ಕು ಲೇಸರ್ ಟಾರ್ಚು ತಂದು ಆಡಿಸುತ್ತಾರೆ. ಹಿಡಿಯಲು ಎಂದೂ ಸಿಗದ ಆ ಕೆಂಪು ಚುಕ್ಕೆ ತಲೆಗೆ ಹತ್ತಿದರೆ, ಟಾರ್ಚು ಒಳಗಿಟ್ಟ ಮೇಲೂ ನಾಯಿ ಗೋಡೆ ನೋಡುತ್ತ ನಿಲ್ಲುತ್ತದೆ. ಆಗ ಮನೆಯವರ ತೀರ್ಪು: “ಯಾಕೋ ಈ ನಾಯಿಗೆ ತಲೆ ಸರಿಯಿಲ್ಲ.”

ಇದಕ್ಕೆ ಬೇಕಾದದ್ದು ದಿನಕ್ಕೆ ಎರಡು ಗಂಟೆಯ ಓಡಾಟ, ಮೇಲೆ ಬುದ್ಧಿಗೆ ಕೆಲಸ: ವಾಸನೆ ಹಿಡಿದು ಹುಡುಕುವ ಆಟ, ವಿಧೇಯತೆಯ ಪಾಠ, ಅಡೆತಡೆ ದಾಟುವ ಅಭ್ಯಾಸ. ಬರೀ ಚೆಂಡು ಎಸೆದು ಓಡಿಸಿ ದಣಿಸುತ್ತೇನೆ ಎನ್ನುವವರು ಮೂರು ತಿಂಗಳಲ್ಲಿ ಇನ್ನೂ ದಣಿಯದ ಕ್ರೀಡಾಪಟುವನ್ನು ತಯಾರು ಮಾಡಿರುತ್ತಾರೆ.

ಹಸ್ಕಿಯ ಕಥೆ ಗೊತ್ತಿದ್ದದ್ದೇ. 1925ರಲ್ಲಿ ಅಲಾಸ್ಕಾದ ನೋಮ್ ಪಟ್ಟಣಕ್ಕೆ ಗಂಟಲಮಾರಿಯ ಔಷಧ ಮುಟ್ಟಿಸಲು 20 ಜನ ಸವಾರರು, ಸ್ಲೆಡ್ ಎಂಬ ಹಿಮಬಂಡಿ ಎಳೆಯುವ ಸುಮಾರು 150 ನಾಯಿಗಳು ಸರದಿಯಂತೆ 1,085 ಕಿಲೋಮೀಟರ್ ಹಿಮವನ್ನು ಐದೂವರೆ ದಿನದಲ್ಲಿ ದಾಟಿದವು. ಅಂಥ ಕುಲದ ಕುಡಿಗೆ ಈಗ ಲಿಫ್ಟಿನಿಂದ ಗೇಟಿನವರೆಗೆ ಹತ್ತು ನಿಮಿಷದ ಪ್ರವಾಸ ಭಾಗ್ಯ. ಅದು ಎಳೆಯುತ್ತದೆಂದು ದೂರು ಬೇರೆ. ಎಳೆಯುವುದನ್ನು ನಿಲ್ಲಿಸಲು ಬೆನ್ನ ಮೇಲೆ ಕೊಂಡಿಯಿರುವ ಹಾರ್ನೆಸ್ (ಎದೆ, ಬೆನ್ನು ಸುತ್ತುವ ಪಟ್ಟಿ) ತೊಡಿಸುತ್ತಾರೆ. ಎಂದರೆ ಬಂಡಿ ಎಳೆಸಲು ಯಾವುದನ್ನು ಕಂಡುಹಿಡಿದರೋ ಅದೇ ಸಾಮಾನು. ಎದೆಯ ಮುಂದೆ ಕೊಂಡಿಯಿದ್ದರೆ ಎಳೆದಾಗ ಮೈ ಪಕ್ಕಕ್ಕೆ ತಿರುಗುತ್ತದೆ, ಸ್ವಲ್ಪ ಹತೋಟಿ ಸಿಗುತ್ತದೆ. ಸೆಖೆಗೆಂದು ಬೋಳಿಸುವವರೂ ಇದ್ದಾರೆ. ಎರಡು ಪದರದ ಆ ತುಪ್ಪಟ ಚಳಿಯಂತೆ ಬಿಸಿಲನ್ನೂ ತಡೆಯುತ್ತದೆ. ಬೋಳಿಸಿದರೆ ಚರ್ಮ ಸುಡುತ್ತದೆ, ಮತ್ತೆ ಹುಟ್ಟುವ ಕೂದಲು ಮೊದಲಿನಂತಿರುತ್ತದೆ ಎಂಬ ಭರವಸೆಯೂ ಇಲ್ಲ.

ಕುರಿದೊಡ್ಡಿ ಕಾಯುವ ಕಂಗಲ್, ಪಿರೆನೀಸ್ ನಾಯಿಗಳನ್ನು “ಶಾಂತ ಸ್ವಭಾವ” ಎಂದು ಓದಿ ತರುವವರಿಗೆ ಮೊದಲ ರಾತ್ರಿಯೇ ಜ್ಞಾನೋದಯ. ಅವುಗಳ ರಾತ್ರಿಪಾಳಿಯ ಕೆಲಸವೇ ಬೊಗಳುವುದು: ನಾನಿಲ್ಲಿದ್ದೇನೆ, ಹತ್ತಿರ ಬರಬೇಡ ಎಂದು ತೋಳಕ್ಕೆ ಗಂಟೆಗಂಟೆಗೂ ತಿಳಿಸುವುದು. ತೋಳ ಬಂದಿಲ್ಲವಲ್ಲ ಎಂದು ನೀವು ವಾದಿಸಬಹುದು. ನೋಡಿದಿರಾ, ಬರಲೇ ಇಲ್ಲ ಎನ್ನುತ್ತದೆ ನಾಯಿ. ಸೇಂಟ್ ಬರ್ನಾರ್ಡ್ ತಂದವರಂತೂ ಕೊರಳಿಗೊಂದು ಪುಟ್ಟ ಪೀಪಾಯಿ ಕಟ್ಟಿ ಫೋಟೊ ತೆಗೆಯದೆ ಬಿಡುವುದಿಲ್ಲ. ಆಲ್ಪ್ಸ್ ಕಣಿವೆಯ ಮಠದಲ್ಲಿ ಹಿಮಕ್ಕೆ ಸಿಕ್ಕವರನ್ನು ಹುಡುಕುತ್ತಿದ್ದ ನಾಯಿಗಳು ಪೀಪಾಯಿ ಹೊತ್ತದ್ದಕ್ಕೆ ಆಧಾರವಿಲ್ಲ. 1820ರ ಒಬ್ಬ ಚಿತ್ರಕಾರನ ಕುಂಚದಿಂದ ಹಬ್ಬಿದ ಕಲ್ಪನೆ ಅದು.

ಜರ್ಮನ್ ಶೆಫರ್ಡ್ ತಳಿಗೆ 1899ರಲ್ಲಿ ಸಂಘ ಕಟ್ಟಿದ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಬಯಸಿದ್ದು ದುಡಿಯುವ ನಾಯಿಯನ್ನು. ಈಗ ಪ್ರದರ್ಶನದ ಸಾಲಿನಲ್ಲಿ ಸೊಂಟ ಇಳಿಜಾರಾದಷ್ಟೂ ಚಪ್ಪಾಳೆ. ನಡೆದರೆ ಹಿಂಗಾಲು ಜಾರುಬಂಡೆ ಇಳಿದಂತೆ ಕಾಣುತ್ತದೆ. ಡಾಬರ್‌ಮನ್ ತಳಿಯ ಮೂಲಪುರುಷನಂತೂ ಅಪೋಲ್ಡಾ ಊರಿನ ತೆರಿಗೆ ವಸೂಲಿಗಾರ. ಅವನಿಗೆ ಅಂಥ ನಾಯಿ ಯಾಕೆ ಬೇಕಾಯಿತು ಎಂದು ಬಿಡಿಸಿ ಹೇಳಬೇಕಿಲ್ಲ. ನಿಮಗೆ ಯಾಕೆ ಬೇಕು ಎಂಬುದಕ್ಕೆ ಮಾತ್ರ ಉತ್ತರ ಬರುವುದಿಲ್ಲ.

ಕಸುಬು ಹಾಗಿರಲಿ, ದೊಡ್ಡ ಮೈಯದೇ ಒಂದು ಸಂಸಾರ. ಗ್ರೇಟ್ ಡೇನ್ ಮರಿ ಹುಟ್ಟುವಾಗ ಅರ್ಧ ಕೆಜಿಯ ಆಸುಪಾಸು, ವರ್ಷ ತುಂಬುವುದರೊಳಗೆ 50 ದಾಟುತ್ತದೆ. ಎಲುಬಿನ ತುದಿಯ ಮೃದ್ವಸ್ಥಿ ಗಟ್ಟಿಯಾಗಲು ಒಂದೂವರೆ ವರ್ಷ ಬೇಕು. ಅಲ್ಲಿಯವರೆಗೆ ಮೆಟ್ಟಿಲು ಹತ್ತಿಳಿಸುವುದು, ಎತ್ತರದಿಂದ ಹಾರಿಸುವುದು, ಸೈಕಲ್ಲಿನ ಜೊತೆ ಓಡಿಸುವುದು ಕೂಡದು. ಆದರೆ ಮನೆಯವರ ಪ್ರೀತಿ ಕೇಳಬೇಕಲ್ಲ! “ಎಲುಬು ಗಟ್ಟಿಯಾಗಲಿ” ಎಂದು ಕ್ಯಾಲ್ಸಿಯಂ ಮಾತ್ರೆ ಅರೆದು ಹಾಕುತ್ತಾರೆ. ದೊಡ್ಡ ತಳಿಯ ಎಳೆಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ಬೇಡವೆನ್ನುವ ಶಕ್ತಿಯಿಲ್ಲ. ಕೊಟ್ಟದ್ದನ್ನೆಲ್ಲ ಹೀರಿಕೊಂಡು ಎಲುಬು ಸೊಟ್ಟಗೆ ಬೆಳೆಯುತ್ತದೆ. ದೊಡ್ಡ ತಳಿಯ ಮರಿಗಳಿಗೆಂದೇ ಮಾಡಿದ ಆಹಾರದಲ್ಲಿ ಅದನ್ನು ಅಳೆದು ಹಾಕಿರುತ್ತಾರೆ, ಮೇಲೊಂದು ಚಮಚ ಬೇಕಿಲ್ಲ.

ಇನ್ನು ಹೊಟ್ಟೆ. ಎದೆಗೂಡು ಆಳವಾಗಿರುವ ದೊಡ್ಡ ನಾಯಿ ಇಟ್ಟುಕೊಂಡವರು ಉಳಿದದ್ದೆಲ್ಲ ಮರೆತರೂ ಇದನ್ನು ಮರೆಯಬಾರದು. ಊಟವಾಗಿ ಒಂದೆರಡು ಗಂಟೆ ಕಳೆದಿರುತ್ತದೆ. ನಾಯಿ ಮಲಗಿದಲ್ಲಿಂದ ಎದ್ದು ಓಡಾಡುತ್ತದೆ, ಮಲಗುತ್ತದೆ, ಮತ್ತೆ ಏಳುತ್ತದೆ. ಕತ್ತು ಚಾಚಿ ಓಕರಿಸಿದರೆ ಬರುವುದು ಬಿಳಿ ನೊರೆ, ಜೊಲ್ಲು ಅಷ್ಟೆ; ವಾಂತಿ ಬರುವುದಿಲ್ಲ. ಪಕ್ಕೆಲುಬಿನ ಹಿಂದೆ ಬೆರಳಲ್ಲಿ ತಟ್ಟಿದರೆ ತಮಟೆಯ ಸದ್ದು. ಒಸಡು ಬಿಳಿಚಿಕೊಳ್ಳುತ್ತದೆ. ಇದು ಅಜೀರ್ಣವಲ್ಲ. ಗಾಳಿ ತುಂಬಿದ ಜಠರ ತಿರುಚಿಕೊಂಡು ಎರಡೂ ಕಡೆ ಬಾಯಿ ಕಟ್ಟಿದೆ, ಹೃದಯಕ್ಕೆ ರಕ್ತ ಮರಳುವ ನಾಳವನ್ನು ಒತ್ತಿ ಹಿಡಿದಿದೆ. ಕೈಯಲ್ಲಿರುವುದು ಕೆಲವೇ ಗಂಟೆ, ಮದ್ದು ಆಪರೇಷನ್ ಒಂದೇ. ಬೆಳಗಾಗಲಿ ನೋಡೋಣ ಎಂದವರ ನಾಯಿ ಬೆಳಗನ್ನು ನೋಡುವುದಿಲ್ಲ. ಒಂದೇ ದೊಡ್ಡ ಊಟದ ಬದಲು ಎರಡು ಮೂರು ಸಲ ಹಂಚಿ ಹಾಕುವುದು, ಗಬಗಬ ತಿನ್ನದಂತೆ ನೋಡಿಕೊಳ್ಳುವುದು, ಊಟದ ಬೆನ್ನಿಗೇ ಓಡಿಸದಿರುವುದು ಅಪಾಯ ತಗ್ಗಿಸುವ ದಾರಿಗಳು. ಸಂತಾನಹರಣದ ಹೊತ್ತಿಗೇ ಜಠರವನ್ನು ಹೊಟ್ಟೆಯ ಗೋಡೆಗೆ ಹೊಲಿಸಿಬಿಟ್ಟರೆ ತಿರುಚುವ ಭಯ ಬಹುತೇಕ ತಪ್ಪುತ್ತದೆ. ಇದನ್ನು ಬಿಟ್ಟು ಮಾಲೀಕರು ಮಾಡುವುದೇನು? ಬಟ್ಟಲಿಗೆ ಚಂದದ ಎತ್ತರದ ಸ್ಟ್ಯಾಂಡು ತರುತ್ತಾರೆ. ಅದರಿಂದ ಅಪಾಯ ತಗ್ಗುತ್ತದೆ ಎಂಬುದು ರುಜುವಾತಾಗಿಲ್ಲ, ಹೆಚ್ಚಬಹುದೆಂದ ಅಧ್ಯಯನವೂ ಇದೆ. ಫೋಟೊಗೆ ಚೆನ್ನಾಗಿ ಬರುತ್ತದೆ ಎಂಬುದನ್ನು ಮಾತ್ರ ಯಾರೂ ಅಲ್ಲಗಳೆಯುವುದಿಲ್ಲ.

ಹೀಗೆ ರಾತ್ರಿ ಎರಡು ಗಂಟೆಗೆ 60 ಕೆಜಿಯನ್ನು ಎತ್ತಿ ಮೆಟ್ಟಿಲಿಳಿಸಿ ಗಾಡಿಗೆ ಹಾಕುವವರು ಯಾರು? ಮರಿಯನ್ನು ಎತ್ತಿಕೊಂಡು ಪೋಸು ಕೊಟ್ಟವರ ಬೆನ್ನು ಅಷ್ಟರಲ್ಲಿ ಡಾಕ್ಟರ ಸಲಹೆ ಮೇರೆಗೆ ವಿಶ್ರಾಂತಿಯಲ್ಲಿರುತ್ತದೆ.

“ಇಷ್ಟೆಲ್ಲ ರಗಳೆ ಬೇಡಪ್ಪ, ಚಿಕ್ಕದೇ ಸಾಕು” ಎನ್ನುವವರ ಕಡೆ ತಿರುಗೋಣ. ಚಿಕ್ಕದೆಂದರೆ ರಗಳೆಯೂ ಚಿಕ್ಕದು ಎಂಬ ಲೆಕ್ಕ ಇವರದು. ಅಂಗೈ ಮೇಲೆ ಕೂರುವ “ಟೀಕಪ್” ಎಂಬ ತಳಿಯನ್ನು ಯಾವ ದೊಡ್ಡ ಕೆನಲ್ ಕ್ಲಬ್ಬೂ ಒಪ್ಪಿಲ್ಲ. ಸೂಲಿನಲ್ಲಿ ಸೊರಗಿದ ಮರಿಯನ್ನು ಇನ್ನೊಂದು ಸೊರಗಿದ್ದಕ್ಕೆ ಕೂಡಿಸಿ, ಸಾಲದಿದ್ದರೆ ತಾಯಿಹಾಲು ಬೇಗ ಬಿಡಿಸಿ ವಯಸ್ಸು ಸುಳ್ಳು ಹೇಳಿ ಮಾರುವ ಕಸುಬಿಗೆ ಇಟ್ಟ ಮುದ್ದಿನ ಹೆಸರು ಅದು. ಇಷ್ಟು ಸಣ್ಣ ಮೈಯಲ್ಲಿ ಸಕ್ಕರೆಯ ದಾಸ್ತಾನೇ ಇರುವುದಿಲ್ಲ. ಮೂರು ನಾಲ್ಕು ಗಂಟೆಗೊಮ್ಮೆ ತಿನ್ನಿಸದಿದ್ದರೆ ಮರಿ ತೂರಾಡುತ್ತದೆ, ನಡುಗುತ್ತದೆ, ಕೊನೆಗೆ ಫಿಟ್ಸ್ ಬರುತ್ತದೆ. ಆಗ ಒಸಡಿಗೆ ಜೇನುತುಪ್ಪವನ್ನೋ ಗ್ಲೂಕೋಸ್ ನೀರನ್ನೋ ಸವರಿ, ಬೆಚ್ಚಗೆ ಸುತ್ತಿ ಡಾಕ್ಟರ ಹತ್ತಿರ ಓಡಬೇಕು. ಮನೆಯವರು ಅದನ್ನು “ಪಾಪ, ಚಳಿ” ಎಂದುಕೊಂಡು ಸ್ವೆಟರ್ ಹಾಕುತ್ತಾರೆ.

3 ಕೆಜಿಯ ನಾಯಿಗೆ ಸೋಫಾ ಎಂದರೆ ಮಹಡಿ. ಹಾರಿದರೆ ಮುಂಗಾಲಿನ ಎರಡು ಎಲುಬೂ ಪೆನ್ಸಿಲ್ಲಿನಂತೆ ಮುರಿಯುತ್ತವೆ. ನಡೆಯುತ್ತ ನಡೆಯುತ್ತ ಹಿಂಗಾಲೊಂದನ್ನು ಎತ್ತಿ ಎರಡು ಹೆಜ್ಜೆ ಕುಪ್ಪಳಿಸಿ ಮತ್ತೆ ಊರಿದರೆ ಅದು ಡ್ಯಾನ್ಸಲ್ಲ, ಮಂಡಿಚಿಪ್ಪು ಜಾರಿ ಮರಳಿದ್ದು. ಕೊರಳ ಬೆಲ್ಟಿಗೆ ಲೀಶ್ (ಹಿಡಿಯುವ ಹಗ್ಗ) ಹಾಕಿ ಎಳೆದರೆ ಶ್ವಾಸನಾಳದ ಉಂಗುರಗಳು ಕುಸಿದು ಬಾತುಕೋಳಿಯಂತೆ ಕೆಮ್ಮುತ್ತದೆ. ಇವಕ್ಕೆ ಬೇಕಾದದ್ದು ಹಾರ್ನೆಸ್. ನೋಡಿ, ಹಾರ್ನೆಸ್ ಬೇಕಾದವರು ಬೆಲ್ಟು ಕಟ್ಟುತ್ತಾರೆ, ಹಸ್ಕಿಯವರು ಹಾರ್ನೆಸ್ ತೊಡಿಸುತ್ತಾರೆ. ಇಬ್ಬರೂ ಪಾರ್ಕಿನಲ್ಲಿ ಸಿಕ್ಕಾಗ ಅದಲು ಬದಲು ಮಾಡಿಕೊಂಡರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಪಗ್ ಗೊರಕೆಗೆ ಕೋಟಿ ಅಭಿಮಾನಿಗಳು. ತಲೆಬುರುಡೆಯನ್ನು ಗಿಡ್ಡ ಮಾಡಿದವರು ಒಳಗಿನ ಮಾಂಸವನ್ನು ಗಿಡ್ಡ ಮಾಡಲು ಮರೆತರು. ಉದ್ದವಾಗೇ ಉಳಿದ ಅಂಗುಳು ಗಂಟಲಿಗೆ ಅಡ್ಡ ಬೀಳುತ್ತದೆ, ಮೂಗಿನ ಹೊಳ್ಳೆ ಗೀರಿನಷ್ಟಿರುತ್ತದೆ. ನಾಯಿ ಮೈ ತಣಿಸಿಕೊಳ್ಳುವುದೇ ತೇಕುವುದರಿಂದ. ಉಸಿರಿಗೇ ತತ್ವಾರವಾದ ಮೇಲೆ ಸೆಖೆಯ ದಿನ ಅದರ ಪಾಡು ಏನು? ನೆದರ್ಲೆಂಡ್ಸ್‌ನಲ್ಲಿ ಮೂತಿ ತಲೆಬುರುಡೆಯ ಮೂರನೇ ಒಂದು ಭಾಗಕ್ಕಿಂತ ಗಿಡ್ಡವಾದ ನಾಯಿಯಿಂದ ಮರಿ ತೆಗೆಯುವಂತಿಲ್ಲ. ಮಿಕ್ಕ ಕಡೆ ಗೊರಕೆಗೆ ಹಾಡು ಸೇರಿಸಿ ರೀಲ್ಸ್ ಮಾಡುವಂತಿದೆ.

ಶಿಸ್ತಿನ ಮಾತು ಬಂದರೆ ಗಮ್ಮತ್ತು ಇನ್ನೂ ಹೆಚ್ಚು. ಗುರ್ ಎನ್ನುವ ಸದ್ದು 45 ಕೆಜಿಯ ರಾಟ್‌ವೈಲರ್ ಬಾಯಿಂದ ಬಂದರೆ ಪೊಲೀಸರಿಗೆ ಫೋನು, 2 ಕೆಜಿಯ ಚಿವಾವಾ ಬಾಯಿಂದ ಬಂದರೆ ವಿಡಿಯೋ. ಎರಡರ ಅರ್ಥವೂ ಒಂದೇ: ದೂರ ಇರು. ಮೈ ಸೆಟೆದು, ತುಟಿ ಮೇಲೇರಿ, ಕಣ್ಣಿನ ಬಿಳಿ ಕಾಣುತ್ತಿರುವಾಗ ಬೆರಳು ಚುಚ್ಚಿ ಚುಚ್ಚಿ ನಗುವವರಿಂದ ಅದು ನಿಧಾನವಾಗಿ ಒಂದು ಪಾಠ ಕಲಿಯುತ್ತದೆ: ಗುರ್ ಎಂದು ಪ್ರಯೋಜನವಿಲ್ಲ, ನೇರ ಕಚ್ಚಬೇಕು. ಮರಿಗೆ 3ರಿಂದ 14 ವಾರದೊಳಗೆ ಕಂಡದ್ದು ಕೇಳಿದ್ದೇ ಲೋಕ. ಆ ಹೊತ್ತಿನಲ್ಲಿ ನೆಲ ಮುಟ್ಟಿಸದೆ ಬ್ಯಾಗಿನಲ್ಲಿ ಹೊತ್ತು ತಿರುಗಿದರೆ ಮುಂದೆ ಕೊಡೆ ಬಿಚ್ಚಿದರೂ ಶತ್ರು, ಟೋಪಿ ಹಾಕಿದವನೂ ಶತ್ರು. “ಸಣ್ಣ ನಾಯಿಗೆ ಉಚ್ಚೆ ಶಿಸ್ತು ಕಲಿಸಲಾಗದು” ಎಂಬ ಮಾತೂ ಹಾಗೆಯೇ. ಮಡು ಸಣ್ಣದಾದ್ದರಿಂದ ಯಾರೂ ಕಲಿಸುವ ಗೋಜಿಗೆ ಹೋಗುವುದಿಲ್ಲ, ಅಷ್ಟೆ. ಸೇಂಟ್ ಬರ್ನಾರ್ಡ್ ಅದೇ ಜಾಗದಲ್ಲಿ ಹೊಯ್ದಿದ್ದರೆ ಮಾರನೆಯ ದಿನವೇ ಪಾಠ ಶುರುವಾಗುತ್ತಿತ್ತು.

ಆಯಸ್ಸಿನ ಲೆಕ್ಕವೂ ತಿರುಗುಮುರುಗು. ದೈತ್ಯ ತಳಿಗಳು ಏಳರಿಂದ ಹತ್ತು ವರ್ಷಕ್ಕೆ ಮುಗಿಯುತ್ತವೆ, ಪುಟ್ಟವು ಹದಿನಾಲ್ಕು ಹದಿನೈದು ದಾಟುತ್ತವೆ. “ಸದ್ಯಕ್ಕೆ ಒಂದು ಚಿಕ್ಕದು ಇರಲಿ” ಎಂದು ತಂದವರ ಸದ್ಯ, ಒಂದನೇ ತರಗತಿಯ ಮಗು ಕಾಲೇಜು ಮುಗಿಸುವವರೆಗೆ ಸಾಗುತ್ತದೆ.

ಎರಡರಲ್ಲಿ ಯಾವುದು ಎಂದು ಇನ್ನೂ ತೀರ್ಮಾನವಾಗದಿದ್ದರೆ ನಾಯಿಯಿಲ್ಲದೆಯೇ ಮೂವತ್ತು ದಿನ ಪರೀಕ್ಷೆ ಮಾಡಬಹುದು. ಒಂದು ಲೀಶ್ ಸಾಕು. ದೊಡ್ಡ ದುಡಿಯುವ ನಾಯಿ ಬೇಕೆನ್ನುವವರು ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಆ ಖಾಲಿ ಲೀಶ್ ಹಿಡಿದು ನಡೆಯಲಿ, ಮಳೆ ಬಂದರೂ. ಮನೆಗೆ ಬಂದ ಮೇಲೆ ಹದಿನೈದು ನಿಮಿಷ ಒಂದು ಡಬ್ಬಿಯನ್ನು ಬಚ್ಚಿಟ್ಟು, ತಾವೇ ಹುಡುಕಲಿ. ವಾರಕ್ಕೊಂದು ರಾತ್ರಿ ಎರಡು ಗಂಟೆಗೆ ಅಲಾರಾಂ ಇಟ್ಟು 50 ಕೆಜಿಯ ಮೂಟೆಯೊಂದನ್ನು ಮೆಟ್ಟಿಲಿಳಿಸಲಿ. ಚಿಕ್ಕದು ಬೇಕೆನ್ನುವವರು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ, ಎದ್ದು ಹೊರಗೆ ಹೋಗಿ ಐದು ನಿಮಿಷ ಹುಲ್ಲು ನೋಡಿ ಬರಲಿ. ದಿನಕ್ಕೊಮ್ಮೆ ಬೊಂಬೆಯ ಹಲ್ಲುಜ್ಜಲಿ. ಇಕ್ಕಟ್ಟಾದ ಪುಟ್ಟ ಬಾಯಲ್ಲಿ ಹಲ್ಲು ಬೇಗ ಹಾಳಾಗುತ್ತದೆ. ಮನೆಯಲ್ಲಿ ನಡೆಯುವಾಗ ಪ್ರತಿ ಹೆಜ್ಜೆಗೂ ನೆಲ ನೋಡಲಿ.

ಸಾಮಾನ್ಯವಾಗಿ ಒಂಬತ್ತನೆಯ ದಿನಕ್ಕೆ ಲೀಶ್ ಮೊಳೆಗೆ ಮರಳುತ್ತದೆ, “ಬೇಡ ಬಿಡಿ, ಮೀನೇ ಸಾಕೋಣ, ಅದಕ್ಕೇನು ಕೇಳಬೇಕು” ಎಂಬ ಮಾತು ಹೊರಡುತ್ತದೆ. ಹತ್ತನೆಯ ದಿನ ಅಂಗಡಿಯಿಂದ ದುಂಡನೆಯ ಗಾಜಿನ ಬಟ್ಟಲು ಬರುತ್ತದೆ: ಎರಡು ಲೀಟರ್ ನೀರು, ಮೇಲೆ ತೇಲುವ ಪ್ಲಾಸ್ಟಿಕ್ ಕಮಲ, ಒಳಗೆ ಮುಂದೆ ಗೇಣುದ್ದ ಬೆಳೆಯಬೇಕಾದ ಒಂದು ಗೋಲ್ಡ್‌ಫಿಶ್. ಬೆಳೆಯುವುದಿಲ್ಲ ತಾನೇ ಎಂದು ಅಂಗಡಿಯವನನ್ನು ಎರಡು ಸಲ ಕೇಳಿಯೇ ತಂದಿರುತ್ತಾರೆ.